ನುಗ್ಗದ ಕೈ

ಚಿಕ್ಕಬೀರಪ್ಪನ ಕೈ ನುಗ್ಗುತ್ತದೆ ಎಂಬುದು ಕಡೂರಿಗೆಲ್ಲ ಗೊತ್ತಿದ್ದ ಸಂಗತಿ. ಹಾಡು ಇನ್ನೂ ಪಲ್ಲವಿಯಲ್ಲಿ ಮೈಮುರಿಯುತ್ತಿರುವಾಗಲೇ ಅವನ ಡ್ರಮ್ಮು, ಮದುವೆಮನೆಯ ಮೊದಲ ಪಂಕ್ತಿಗೆ ಓಡುವವರಂತೆ, ಚರಣ ದಾಟಿರುತ್ತಿತ್ತು. ಆರ್ಕೆಸ್ಟ್ರಾದ ಯಜಮಾನ ಸೋಮಶೇಖರಪ್ಪನವರು ಇದನ್ನು ಎಂಬತ್ತೆಂಟನೇ ಇಸವಿಯವರೆಗೆ ಸಹಿಸಿಕೊಂಡರು. ಆ ವರ್ಷ ಬೆಂಗಳೂರಿನಿಂದ ಎಲೆಕ್ಟ್ರಾನಿಕ್ ಡ್ರಮ್ ತಂದರು. ಕರೀ ಹಲಗೆಯ ಮೇಲೆ ರೊಟ್ಟಿಯಂಥ ರಬ್ಬರ್ ಬಿಲ್ಲೆಗಳು. ಹೊಟ್ಟೆಯೊಳಗೆ ಗಡಿಯಾರದಂಥ ಟಿಕ್ ಟಿಕ್. ಅದು ಇಯರ್‌ಫೋನ್ ಸಿಕ್ಕಿಸಿಕೊಂಡವನಿಗೆ ಮಾತ್ರ ಕೇಳುತ್ತಿತ್ತು.

“ಈ ಟಿಕ್ಕಿನ ಮೇಲೆ ಪೆಟ್ಟು ಕೂರ್ಬೇಕು ಕಣಯ್ಯ. ನಾಳೆ ಸಾಯಂಕಾಲ ತರೀಕೆರೇಲಿ ಆರತಕ್ಷತೆ. ನುಗ್ಗಿದ್ಯೋ, ಡ್ರಮ್ಮಿಗೆ ಭದ್ರಾವತಿಯವನೊಬ್ಬ ಅವ್ನೆ, ಅವನಿಗೆ ವೀಳ್ಯ ಕೊಟ್ಬಿಡ್ತೀನಿ. ಕೊಟ್ಮೇಲೆ ನಮ್ಮಪ್ಪ ಎದ್ ಬಂದ್ರೂ ವಾಪಸ್ ಇಸ್ಕೊಳಲ್ಲ. ಬೆಳಿಗ್ಗೆ ಅಜ್ಜಂಪುರಕ್ಕೆ ಹೋಗಿ ಒಂದು ಆಂಪ್ಲಿಫೈಯರ್ ಆರಿಸ್ಕೊಂಡು ಬಾ. ಅದಿಲ್ದಿದ್ರೆ ಇದಕ್ಕೆ ಬಾಯಿಲ್ಲ.”

ಡ್ರಮ್ಮು ಬಿಟ್ಟರೆ ಚಿಕ್ಕಬೀರಪ್ಪನಿಗೆ ಬೇರೇನೂ ಬರುತ್ತಿರಲಿಲ್ಲ. ಮನೆಯ ಕುರಿಗಳು ಕೂಡ ಅವನನ್ನು ಬಿಟ್ಟು ಅಣ್ಣಂದಿರ ಹಿಂದೆ ಹೋಗಿದ್ದವು.

ಅಜ್ಜಂಪುರದ ಸೌಂಡ್‌ಸೆಟ್ ಅಂಗಡಿಯ ಕಲ್ಲೇಶಪ್ಪ ಎರಡು ಆಂಪ್ಲಿಫೈಯರ್ ತೋರಿಸಿದ. ಸಣ್ಣದಕ್ಕೆ ಸಿಕ್ಕಿಸಿ ಬಾರಿಸಿದರೆ ಡ್ರಮ್ಮು ಪಕ್ಕದಲ್ಲಿ ಕೂತು ಮಾತಾಡಿದಂತಿತ್ತು. ಹಾರ್ನ್ ಹೊತ್ತಿದ್ದ ದೊಡ್ಡದಕ್ಕೆ ಸಿಕ್ಕಿಸಿದರೆ ರಸ್ತೆಯಾಚೆ ಮಲಗಿದ್ದ ಎತ್ತು ಎದ್ದು ನಿಂತಿತು.

“ಸಣ್ಣದೇ ಚೆನ್ನಾಗದೆ.”

“ಸಣ್ಣದು ರೂಮಿಗಾಯ್ತು ಕಣಪ್ಪ. ಆರತಕ್ಷತೇಲಿ ಜನ ಊಟಕ್ಕೆ ಕಿರುಚಾಡ್ತಾರೆ. ದೊಡ್ಡದು ತಗೊಂಡೋಗು. ಹೋದ್ಸಲ ಎಲೆಕ್ಷನ್ನಿಗೆ ಕೊಟ್ಟಿದ್ದೆ.”

“ಗೆದ್ರಾ?”

“ಸೋತ್ರು. ಆದ್ರೆ ಸೋತಿದ್ದು ಎಲ್ರಿಗೂ ಕೇಳಿಸ್ತು.”

ಮಧ್ಯಾಹ್ನ ಮನೆಯಲ್ಲಿ ಹಾರ್ನನ್ನು ಕಿಟಕಿಯಾಚೆ ತಿರುಗಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಚಿಕ್ಕಬೀರಪ್ಪ ಕಣ್ಣು ಮುಚ್ಚಿ ಕೂತ. ನಾಲ್ಕು ಟಿಕ್ಕಿಗೆ ಒಂದು ಪೆಟ್ಟು. ಮೊದಮೊದಲು ಕೈ ಹಗ್ಗ ಹರಿದ ಕರುವಿನಂತೆ ಓಡಿತು. ಬರಬರುತ್ತ ನಿಧಾನವಾಯಿತು. ಒಂದು ಟಿಕ್ಕಿಗೂ ಇನ್ನೊಂದಕ್ಕೂ ನಡುವೆ ಇಷ್ಟೊಂದು ಖಾಲಿ ಜಾಗ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆ ಖಾಲಿಗೆ ಹೆದರಿಯೇ ತಾನು ಇಷ್ಟು ವರ್ಷ ನುಗ್ಗುತ್ತಿದ್ದೆನೇನೋ ಎನಿಸಿತು. ಈಗ ಹೆದರಿಕೆಯಾಗಲಿಲ್ಲ. ಢಂ. ಕಾದ. ಢಂ.

ಕಣ್ಣು ಬಿಟ್ಟಾಗ ಬಾಗಿಲ ತುಂಬ ಜನ. ಪಕ್ಕದ ಮನೆಯ ಹುಲಿಗೆಮ್ಮನ ಕೈಯಲ್ಲಿ ಹೂವಿನ ಹಾರ. ಎದುರುಮನೆಯ ಕರಿಯಣ್ಣನ ಹೆಗಲ ಮೇಲೆ ಹಸೀ ಬಿದಿರು. ಜಗುಲಿಯಲ್ಲಿ ಅವನ ಸೋದರತ್ತೆ, ಕಿವಿ ಕೇಳದ ಮುದುಕಿ ಯಲ್ಲಮ್ಮ, ಅಳುವವರನ್ನು ನೋಡಿ ತಾನೂ ಅಳುತ್ತಿದ್ದಳು. ಚಿಕ್ಕಬೀರಪ್ಪ ಇಯರ್‌ಫೋನ್ ಕಿತ್ತ. ತಾನು ಬಾರಿಸಿದ್ದು ಏನೆಂದು ಆಗ ಹೊಳೆಯಿತು. ಒಂದು ಪೆಟ್ಟು, ಉಸಿರು ಬಿಡುವಷ್ಟು ಮೌನ, ಮತ್ತೊಂದು ಪೆಟ್ಟು. ಆ ಬೀದಿಯಲ್ಲಿ ಹಾಗೆ ಬಾರಿಸುತ್ತಿದ್ದುದು ಸಾವಿನ ಮನೆಯ ಮುಂದೆ ಮಾತ್ರ.

“ಅಯ್ಯೋ, ಅತ್ತೆಗೇನೂ ಆಗಿಲ್ಲ ಕಣ್ರೀ! ಅಲ್ಲೇ ಕೂತವ್ಳೆ ನೋಡಿ!”

“ಅತ್ತೆಗೇನಾಗಿದ್ದದು? ಗುಂಡುಕಲ್ಲಿದ್ದಂಗವ್ಳೆ,” ಎಂದ ಕರಿಯಣ್ಣ, ಅಳತೆ ನೋಡುವವನಂತೆ ಚಿಕ್ಕಬೀರಪ್ಪನನ್ನು ತಲೆಯಿಂದ ಕಾಲಿನವರೆಗೆ ನೋಡಿ. “ಒಳ್ಳೇ ಎಳೇ ಬಿದಿರು. ಸುಮ್ನೆ ಕಡಿದ್ಬಿಟ್ನಲ್ಲೋ.”

ಹುಲಿಗೆಮ್ಮ ಹಾರವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. “ನಮ್ಮನೆಯವ್ರು ಸುದ್ದಿ ಮುಟ್ಸೋಕೆ ಆಗ್ಲೇ ಬಸ್ ಹತ್ಬಿಟ್ರು ಕಣಪ್ಪ,” ಎಂದಳು.

ಗಂಡ ಸಣ್ಣಬೀರಪ್ಪನನ್ನು ಯಗಟಿಗೆ, ಅತ್ತೆಯ ಮಕ್ಕಳ ಹತ್ತಿರ ಕಳಿಸಿರಬೇಕು ಎಂದುಕೊಂಡ ಚಿಕ್ಕಬೀರಪ್ಪ.

“ಯಾರೋ ಹೋದೋರು?” ಯಲ್ಲಮ್ಮ ಕೇಳಿದಳು.

“ಯಾರೂ ಹೋಗಿಲ್ಲ ಅತ್ತೆ!”

“ಪಾಪ, ಒಳ್ಳೇ ಮನುಷ್ಯ,” ಎಂದು ಅವಳು ಮತ್ತೆ ಅಳತೊಡಗಿದಳು.

ಹಲಗೆ, ಆಂಪ್ಲಿಫೈಯರ್, ಹಾರ್ನು ಎಲ್ಲವನ್ನೂ ಬಸ್ಸಿನ ಮೇಲೆ ಹೇರಿ ಚಿಕ್ಕಬೀರಪ್ಪ ತರೀಕೆರೆ ಸೇರಿದಾಗ ಇನ್ನೂ ಬೆಳಕಿತ್ತು. ಬೆರಳುಗಳಲ್ಲಿ ಟಿಕ್ಕು ಹಾಗೇ ಉಳಿದಿತ್ತು. ಛತ್ರದ ವೇದಿಕೆಯಲ್ಲಿ ಅವನ ಹಳೆಯ ಡ್ರಮ್ಮಿನ ಮುಂದೆ ಉದ್ದ ಕೂದಲಿನವನೊಬ್ಬ ಕೂತಿದ್ದ. ಸೋಮಶೇಖರಪ್ಪನವರು ಚಿರೋಟಿ ತಿನ್ನುವುದನ್ನು ಬಿಟ್ಟು ಬಂದು ಅವನ ತೋಳು ಮುಟ್ಟಿ ನೋಡಿದರು.

“ನೀನು ಹೋದೆ ಅಂದ್ನಲ್ಲಯ್ಯ, ಆ ಸಣ್ಣಬೀರಪ್ಪ!”

“ನಾನಾ? ನಾನು ಡ್ರಮ್ ಬಾರಿಸ್ತಾ ಇದ್ದೆ ಯಜಮಾನ್ರೇ!”

“ನಾನೂ ಅದೇ ಅಂದೆ. ಬಾರಿಸ್ತಿರೋನು ಅವನೇ ಇರ್ಬೇಕು ಕಣೋ ಅಂದೆ. ಅವನು, ಇಲ್ಲ, ಬೀದಿಯೋರೆಲ್ಲ ನಿಂತು ಕೇಳುದ್ವಿ, ಒಂದ್ ಪೆಟ್ಟೂ ನುಗ್ಲಿಲ್ಲ. ಚಿಕ್ಕಬೀರಪ್ಪನ ಮನೇಲಿ ಬೇರೆ ಯಾರೋ ಬಾರಿಸ್ತಾವ್ರೆ ಅಂದ್ರೆ ಚಿಕ್ಕಬೀರಪ್ಪನೇ ಹೋಗಿರ್ಬೇಕು ಅಂದ.”

“ಒಂದ್ ಪೆಟ್ಟೂ ನುಗ್ಲಿಲ್ಲ ಅಂದ್ರಾ?” ಚಿಕ್ಕಬೀರಪ್ಪನ ಮುಖ ಅರಳಿತು.

“ಒಂದೂ ಇಲ್ವಂತೆ. ಭೇಷ್. ಆದ್ರೆ ಭದ್ರಾವತಿಯವನಿಗೆ ವೀಳ್ಯ ಕೊಟ್ಟಾಗೋಯ್ತು.”

“ಬದುಕಿದೀನಲ್ಲ ಯಜಮಾನ್ರೇ.”

“ಅದು ಸಂತೋಷ ಕಣಯ್ಯ. ಊಟ ಮಾಡ್ಕೊಂಡು ಹೋಗು. ಹಲಗೆ ಅಲ್ಲಿ ಇಳಿಸು.”

ಭದ್ರಾವತಿಯವನು ಹೊಸ ಹಲಗೆಯ ಮುಂದೆ ಕೂತ. ಹಾರ್ನು ಬಾಯಿ ಬಿಟ್ಟಿತು. ಪಲ್ಲವಿ ಇನ್ನೂ ಮೈಮುರಿಯುತ್ತಿತ್ತು. ಡ್ರಮ್ಮು ಆಗಲೇ ಚರಣ ದಾಟಿತ್ತು. ಊಟದ ಹಾಲಿನ ಕಂಬಕ್ಕೆ ಒರಗಿದ್ದ ಚಿಕ್ಕಬೀರಪ್ಪನ ಬೆರಳು ಮಾತ್ರ ತೊಡೆಯ ಮೇಲೆ, ಸರಿಯಾದ ಜಾಗದಲ್ಲಿ, ಸದ್ದಿಲ್ಲದೆ ಬೀಳುತ್ತಿತ್ತು.

ಸೋಮಶೇಖರಪ್ಪನವರು ಪಕ್ಕಕ್ಕೆ ಬಂದು ನಿಂತು ಕಣ್ಣೊರೆಸಿಕೊಂಡರು.

“ಹೊಟ್ಟೆಗೆ ಹಾಲು ಹುಯ್ದಂಗಾಯ್ತು ಕಣಯ್ಯ. ಥೇಟ್ ನಿನ್ ಕೈಯೇ. ನೀನಿಲ್ಲ ಅಂತ ಯಾರ್ಗೂ ಗೊತ್ತೇ ಆಗಲ್ಲ.”