ಎರಡು ಸೀಟಿನ ಕಾರೂ ನನ್ನ ಮರ್ಯಾದೆಯೂ

ಬೇರೆಯವರ ಮನೆಯಲ್ಲಿ ಮಾನ ಹೋಗುವ ಸಂಗತಿ ವರ್ಷಕ್ಕೊಂದು ನಡೆದರೆ ನಮ್ಮಲ್ಲಿ ವಾರಕ್ಕೊಂದು ನಡೆಯುತ್ತದೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಯಾರ ಮನೆಯಲ್ಲಿ ಎಂತ ನಡೀತಿದೆ ಅಂತ ತಿಳಿಯಲು ಶಾಲೆ ಬೇಕಾಗಿಲ್ಲ, ಒಂದು ಕಿಟಕಿ ಸಾಕು. ಇಷ್ಟು ವರ್ಷ ಬೇರೆಯವರದ್ದನ್ನೇ ಹೇಳಿಕೊಂಡು ಬಂದೆ. ಈ ಸಲ ನಮ್ಮದೇ ಹೇಳಬೇಕು. ನಾನು ಹೇಳದಿದ್ದರೆ ಡೊಂಬಿವಲಿಯ ನಮ್ಮ ಭಜನೆಯ ಹೆಂಗಸರು ಹೇಳುತ್ತಾರೆ, ಅದೂ ಉಪ್ಪುಖಾರ ಹಚ್ಚಿ.

೧. ಎರಡನೇ ಸೀಟು ಯಾರಿಗೆ

ನಾನಿರುವುದು ಘೋಡಬಂದರ್ ರಸ್ತೆಯಲ್ಲಿ, ತಮ್ಮನ ಮಗನ ಮನೆಯಲ್ಲಿ. ಅವನಿಗೆ ಕಲ್ಯಾಣದಲ್ಲಿ ಉಡುಪಿ ಹೊಟೇಲು. ಹೊಟೇಲಿನವರು ಕರೆಯುವ ಹಾಗೆ ಮನೆಯಲ್ಲೂ ಅವನನ್ನು ಧಣಿ ಅಂತಲೇ ಹೇಳುವುದು. ಮೀಸೆ ಮೂಡುವ ಮೊದಲೇ ಅಪ್ಪನನ್ನು ಕಳೆದುಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು, ಐವತ್ತಾಗುವವರೆಗೂ ಎದ್ದಿರಲಿಲ್ಲ. ತನಗೆ ಅಂತ ಒಂದು ಒಳ್ಳೆಯ ಚಪ್ಪಲಿ ಕೂಡ ತೆಗೆದುಕೊಂಡವನಲ್ಲ. ಅಂಥವನು ಒಂದು ಭಾನುವಾರ ಊಟಕ್ಕೆ ಕೂತು ಹೇಳಿದ:

"ನಾನೊಂದು ಕಾರು ತಗೊಳ್ತೇನೆ. ಹಗುರದ್ದು, ಸ್ಪೋರ್ಟ್ಸ್ ಕಾರು. ಟ್ರ್ಯಾಕಿಗೂ ಆಗ್ಬೇಕು, ರೋಡಿಗೂ ಆಗ್ಬೇಕು."

"ಟ್ರ್ಯಾಕ್ ಅಂದರೆ ಎಂತದು?"

"ರೇಸಿನ ರಸ್ತೆ ಅತ್ತೆ. ಕೊಯಮತ್ತೂರಿನ ಹತ್ತಿರ ಉಂಟು. ದುಡ್ಡು ಕೊಟ್ಟರೆ ದಿನವಿಡೀ ನಮ್ಮ ಕಾರು ನಾವೇ ಓಡಿಸಬಹುದು."

"ಓಡಿಸಿ ಎಲ್ಲಿಗೆ ಹೋಗುವುದು?"

"ಎಲ್ಲಿಗೂ ಇಲ್ಲ. ಸುತ್ತ ಹೋಗಿ ಹೊರಟಲ್ಲಿಗೇ ಬರುವುದು."

ಅಷ್ಟಕ್ಕೇ ನನಗೆ ಸಂಶಯ ಬಂತು. ಎಷ್ಟು ಸೀಟು ಅಂತ ಕೇಳಿದೆ. ಎರಡು ಅಂದ. ಮನೆಯಲ್ಲಿ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಅವನು, ನಾನು. ಹೊಟ್ಟೆ ಬಂದ ಗಂಡಸು ಎರಡು ಸೀಟಿನ ಕಾರು ತಗೊಳ್ತಾನೆ ಅಂದರೆ ಎರಡನೆಯದರಲ್ಲಿ ಕೂರುವವಳು ಒಬ್ಬಳು ಎಲ್ಲೋ ಇರಲೇಬೇಕು. ಮಂಗಳವಾರ ಡೊಂಬಿವಲಿಯ ನಮ್ಮ ಭಜನಾ ಮಂಡಳಿಯಲ್ಲಿ ಒಬ್ಬಳಿಗೆ ಮಾತ್ರ ಹೇಳಿದೆ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿ. ನಾನು ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಂದು ಸೋಫಾದಲ್ಲಿ ಕೂತಿತ್ತು.

ಸೊಸೆ ಜಗಳ ಮಾಡಲಿಲ್ಲ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಎಲ್ಲದಕ್ಕೂ ಶರತ್ತು ಹಾಕಿ ಅಭ್ಯಾಸ. ಗಂಡನಿಗೆ ಹೇಳಿದಳು, "ತಗೊಳ್ಳಿ. ಆದರೆ ರೋಡಿಗೂ ಆಗ್ಬೇಕು ಅಂದಿರಲ್ಲ, ನಮ್ಮ ಮನೆಯ ರೋಡು ಅಂದರೆ ಮಂಗಳವಾರ ಅತ್ತೆಯನ್ನು ಡೊಂಬಿವಲಿಯ ಭಜನೆಗೆ ಬಿಡುವುದು. ಯಾರೂ ಅತ್ತೆಯನ್ನು ಮುಟ್ಟಬಾರದು, ಹಿಡಿಯಬಾರದು, ಎಳೆಯಬಾರದು. ಹಾಗೆ ಅವರನ್ನು ಭಜನೆ ಮಾಡಿಸಿಕೊಂಡು ಬರುವ ಕಾರು ಯಾವುದುಂಟೋ ಅದಕ್ಕೆ ನನ್ನ ಒಪ್ಪಿಗೆ."

ಧಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮುಖ ಬಾಡಿತು. ನನ್ನ ಗಾತ್ರ ಅಂಥದ್ದು, ತಗ್ಗಿನಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕು.

ಆ ಇನ್ನೊಬ್ಬಳು ಯಾರು ಅಂತ ಡೊಂಬಿವಲಿಯಿಡೀ ಹುಡುಕುತ್ತಿತ್ತು. ಕೊನೆಗೆ ನೋಡಿದರೆ ನಾನೇ.

೨. ವಾಶಿಯ ಕೆಂಪು ಕಾರು

ಮೊದಲು ನೋಡಿದ್ದು ವಾಶಿಯಲ್ಲಿ, ಹಳೇ ಫಾರಿನ್ ಕಾರು ಮಾರುವ ಅಂಗಡಿಯಲ್ಲಿ. ಕೆಂಪು ಬಣ್ಣ, ಮೇಲಿನ ಮುಚ್ಚಿಗೆ ಮಡಚಿ ಇಡುವಂಥದ್ದು. ಧಣಿ ಅದರ ಬಾಗಿಲನ್ನು ಮುಟ್ಟಿದ್ದು ನೋಡಬೇಕಿತ್ತು, ಮದುವೆಯ ದಿನ ಹೆಂಡತಿಯ ಕೈಯನ್ನೂ ಅಷ್ಟು ನಾಜೂಕಾಗಿ ಹಿಡಿದಿರಲಿಲ್ಲ.

ಅಷ್ಟು ತಗ್ಗಿನ ಕಾರಿನಲ್ಲಿ ಕೂರುವುದು ಅಂತ ಇಲ್ಲ, ಬೀಳುವುದು. ಬಿದ್ದೆ. ಬಿದ್ದಮೇಲೆ ಮೊಣಕಾಲು ಮುಖದ ಹತ್ತಿರ ಬಂತು. ಇನ್ನು ಏಳಿ ಅಂದರು. ಯಾವುದನ್ನು ಹಿಡಿದು ಏಳುವುದು? ಕಾಲು ಹೊರಗಿಟ್ಟರೆ ಸೊಂಟ ಒಳಗೆ, ಸೊಂಟ ಎತ್ತಿದರೆ ತಲೆ ಗಾಜಿಗೆ.

ಟೈ ಕಟ್ಟಿದ ಮಾರಾಟದವನು ಆಗಲೂ ಹಿಂದಿಯಲ್ಲಿ ಕಾರನ್ನು ಹೊಗಳುತ್ತಿದ್ದ. "ಮಾತಾಜಿ, ಈ ಕಾರಿನ ಭಾರವೆಲ್ಲ ಕೆಳಗಿದೆ. ಅದಕ್ಕೇ ತಿರುವಿನಲ್ಲಿ ಅಲ್ಲಾಡುವುದಿಲ್ಲ."

"ನನ್ನದೂ ಕೆಳಗೇ ಇರುವುದು ಮಗ," ಎಂದೆ. "ಅದಕ್ಕೇ ನಾನೂ ಅಲ್ಲಾಡ್ತಿಲ್ಲ."

ಕಾರಿನೊಳಗೇ ಚಹಾ ಕೊಟ್ಟರು. ಕುಡಿದೆ, ಬೇರೆ ಎಂತ ಮಾಡುವುದು. ಕಾರು ನೋಡಲು ಬಂದ ಗಿರಾಕಿಗಳು ನನ್ನನ್ನೂ ಒಂದು ಸುತ್ತು ನೋಡಿಕೊಂಡು ಹೋದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಕೊನೆಗೆ ಮೇಲಿನಿಂದಲೇ ತೆಗೆಯೋಣ ಅಂತ ತೀರ್ಮಾನವಾಯಿತು. ಧಣಿಯೂ ಅಂಗಡಿಯ ಮೂವರೂ ಸೇರಿ ನನ್ನನ್ನು ಸೀಟಿನಿಂದ ಎತ್ತಿ ಹೊರಗೆ ದಾಟಿಸುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಚೌತಿಯ ಮೂರ್ತಿ ಎತ್ತುವ ಅಭ್ಯಾಸಬಲದಿಂದ "ಗಣಪತಿ ಬಪ್ಪಾ" ಅಂದುಬಿಟ್ಟ.

ಎತ್ತಿದವರು ನಾಲ್ವರೂ "ಮೋರಯಾ" ಅಂದರು. ಎಲ್ಲಕ್ಕಿಂತ ದೊಡ್ಡ ಸ್ವರ ನನ್ನ ತಮ್ಮನ ಮಗನದ್ದು.

೩. ಬಾಗಿಲಿಲ್ಲದ್ದು

ತಗ್ಗಿನ ಬಾಗಿಲೇ ತೊಂದರೆ ಅಂತಾದರೆ ಬಾಗಿಲೇ ಇಲ್ಲದ್ದು ನೋಡುವ ಅಂತ ಧಣಿ ಉಲ್ಹಾಸನಗರದ ಒಬ್ಬ ಮಿಸ್ತ್ರಿಯನ್ನು ಹಿಡಿದ. ಆ ಮಿಸ್ತ್ರಿ ಕಬ್ಬಿಣದ ಪೈಪುಗಳನ್ನು ಬೆಸೆದು ತಾನೇ ಒಂದು ಕಾರು ಮಾಡಿದ್ದ. ಬಾಗಿಲಿಲ್ಲ, ಮೇಲೆ ಮುಚ್ಚಿಗೆಯಿಲ್ಲ, ಎದುರಿನ ಗಾಜೂ ಇಲ್ಲ. ಎಂಜಿನ್ ಕೂರಿಸಿದ ಮಂಚದ ಹಾಗಿತ್ತು. ಟೆಂಪೋದಲ್ಲಿ ಹಾಕಿ ನಮ್ಮ ಫ್ಲ್ಯಾಟುಗಳ ಸೊಸೈಟಿಗೆ ತಂದ, ಸಂಜೆ ಹೆಂಗಸರು ವಾಕಿಂಗ್ ಹೋಗುವ ಹೊತ್ತಿಗೆ.

"ಇದಕ್ಕಿಂತ ಹಗುರದ್ದು ಸಿಗಲಿಕ್ಕಿಲ್ಲ ಅತ್ತೆ," ಎಂದ ಧಣಿ. ಸ್ಟೂಲು ಇಟ್ಟರು, ಪೈಪು ದಾಟಿ ಹತ್ತಿದೆ. ತಲೆಗೊಂದು ಹೆಲ್ಮೆಟ್ ಒತ್ತಿ ಕೂರಿಸಿದರು. ಸೊಸೈಟಿಯ ಒಳರಸ್ತೆಯಲ್ಲಿ ಸುತ್ತು ಹೊಡೆದದ್ದೇ ತಡ, ನನ್ನ ಸೆರಗು ಹಿಂದೆ ಬಾವುಟವಾಯಿತು, ಬಾಯಿಗೆ ಧೂಳು ಬಂತು. ಆದರೂ ಯಾರೂ ಮುಟ್ಟದೆ ನಾನೇ ಇಳಿದೆ. ಧಣಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಹೆಲ್ಮೆಟ್ ತೆಗೆದೆ. ಅದರ ಜೊತೆ ನನ್ನ ಚೌರಿಯೂ ಬಂತು.

ಈ ವಯಸ್ಸಿನಲ್ಲೂ ಇಷ್ಟು ದಪ್ಪ ತುರುಬು ಹೇಗೆ ಅಂತ ಕೇಳಿದವರಿಗೆಲ್ಲ ಊರಿನ ತೆಂಗಿನೆಣ್ಣೆ ಅಂತ ಹೇಳಿಕೊಂಡು ಬಂದವಳು ನಾನು. ಎದುರಿಗೆ ಸೊಸೈಟಿ ಸೆಕ್ರೆಟರಿಯ ಹೆಂಡತಿ. ನನ್ನ ಮಾತು ನಂಬಿ ಡಬ್ಬಗಟ್ಟಲೆ ಎಣ್ಣೆ ತರಿಸಿಕೊಂಡವಳು. ಹೆಲ್ಮೆಟ್ಟಿನಲ್ಲಿ ನೇತಾಡುತ್ತಿದ್ದ ಕೂದಲನ್ನು ನೋಡಿದಳು, ನನ್ನ ತಲೆಯಲ್ಲಿ ಉಳಿದ ನಾಲ್ಕೆಳೆಯನ್ನು ನೋಡಿದಳು.

ಅಷ್ಟರಲ್ಲಿ ಮಿಸ್ತ್ರಿ ಹೇಳಿದ, ಈ ಗಾಡಿಗೆ ನಂಬರ್ ಪ್ಲೇಟ್ ಸಿಗುವುದಿಲ್ಲ, ರೋಡಿಗೆ ತರುವ ಹಾಗಿಲ್ಲ ಅಂತ. ಅದನ್ನು ಮೊದಲೇ ಹೇಳಿದ್ದರೆ ನನ್ನ ತಲೆ ಉಳಿಯುತ್ತಿತ್ತು.

ಸೆಕ್ರೆಟರಿಯ ಹೆಂಡತಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಮೌಶಿ, ಎಣ್ಣೆಯ ಹೆಸರು ಹೇಳಿದಿರಿ. ಈಗ ಕೂದಲಿನ ಅಂಗಡಿಯದ್ದೂ ಹೇಳಿಬಿಡಿ."

೪. ಗೋಡೌನಿನಲ್ಲಿ ತುಲಾಭಾರ

ಮೂರನೆಯದ್ದು ಅದೇ ಮಿಸ್ತ್ರಿಯ ಸ್ವಂತ ಕಾರು. ಹಳೇ ಪುಟ್ಟ ಕಾರು, ನಂಬರ್ ಪ್ಲೇಟ್ ಉಂಟು, ಮೇಲಿನ ಮಾಡು ಎತ್ತರ, ನಾನು ಬಗ್ಗದೆ ಹತ್ತಬಹುದು. ಹಗುರವಾಗಲಿ ಅಂತ ಅವನು ಹಿಂದಿನ ಸೀಟು, ರೇಡಿಯೋ, ಎ.ಸಿ., ಕಾಲಡಿಯ ಹಾಸು ಎಲ್ಲಾ ಕಿತ್ತಿದ್ದ. ಧಣಿಗೆ ಕೆಂಪು ಕಾರಿನದ್ದೇ ಕನಸು. ಸೊಸೆ ನೋಡಿ, "ಎರಡು ಸೀಟು ಬೇಕು ಅಂದಿರಲ್ಲ, ಎರಡೇ ಉಂಟು," ಎಂದಳು. ಮಂಗಳವಾರದ ಭಜನೆಗೆ ಹೋಗಿ ಬಂದಮೇಲೆ ಕೊನೆಯ ಮಾತು, ಅಲ್ಲಿಯವರೆಗೆ ಇಟ್ಟುಕೊಳ್ಳಿ ಅಂತ ಮಿಸ್ತ್ರಿ ಬಿಟ್ಟುಹೋದ.

ಅದಕ್ಕೆ ಮೊದಲು ಕಾರನ್ನು ತೂಕ ಹಾಕಬೇಕಂತೆ. ನಾಲ್ಕು ಚಕ್ರಕ್ಕೂ ಭಾರ ಸರಿಯಾಗಿ ಹಂಚಿಹೋದರೆ ಕಾರು ತಿರುವಿನಲ್ಲಿ ನೆಟ್ಟಗೆ ಹೋಗುತ್ತದಂತೆ. ಡ್ರೈವರ್ ಸೀಟಿನಲ್ಲಿ ಧಣಿಯ ಭಾರದ ಯಾರಾದರೂ ಕೂರಬೇಕು, ಧಣಿಯೂ ಮಿಸ್ತ್ರಿಯೂ ಅಡಿಯಲ್ಲಿ ಮಲಗಿ ಸ್ಪ್ರಿಂಗ್ ತಿರುಗಿಸಬೇಕು. ಅಕ್ಕಿಚೀಲ ಇಟ್ಟು ನೋಡಿದರಂತೆ, ಜಾರಿತಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

"ಅತ್ತೆ, ಕಲ್ಯಾಣಕ್ಕೆ, ಹೊಟೇಲಿನ ಗೋಡೌನಿಗೆ ಬನ್ನಿ. ತೂಕದ ಕಾಟಾದ ಮೇಲೆ ಕಾರು ಇಡ್ತೇವೆ, ನೀವು ಒಳಗೆ ಕೂತರೆ ಆಯ್ತು," ಎಂದು ಧಣಿ ಫೋನಿನಲ್ಲಿ ಹೇಳಿದ.

ನಮ್ಮ ಕಡೆಯವಳು ಇದನ್ನು ಎಂತ ಅಂತ ತಿಳಿಯಬೇಕು? ಮುದುಕಿಯನ್ನು ತಕ್ಕಡಿಯಲ್ಲಿ ಕೂರಿಸುವುದು ಅಂದರೆ ತುಲಾಭಾರ. ಕಾರಿಗೆ ಒಳ್ಳೆಯದಾಗಲಿ ಅಂತ ಹುಡುಗ ಹರಕೆ ಹೊತ್ತಿದ್ದಾನೆ, ಹೇಳಲು ನಾಚಿಕೆ ಅಂತ ತಿಳಿದೆ. ರೇಷ್ಮೆಯ ಪಟ್ಟೆ ಸೀರೆ ಉಟ್ಟೆ. ಮಂಡಳಿಯ ಹೆಂಗಸರಿಗೆ ಫೋನು ಮಾಡಿದೆ. ಬೆಲ್ಲ, ಬಾಳೆಗೊನೆ, ತೆಂಗಿನಕಾಯಿ ಹಿಡಿದು ಎಲ್ಲರೂ ರಿಕ್ಷಾದಲ್ಲಿ ಬಂದಿಳಿದರು.

ಹೋಗಿ ನೋಡಿದರೆ ದೇವರ ಫೋಟೋ ಇಲ್ಲ, ಭಟ್ಟರಿಲ್ಲ. ಒಂದೊಂದು ಚಕ್ರದ ಅಡಿಯಲ್ಲೂ ಈರುಳ್ಳಿ ತೂಗುವ ಒಂದೊಂದು ಕಾಟಾ. ಅಡಿಯಿಂದ ನಾಲ್ಕು ಕಾಲು ಹೊರಗೆ. ನಾನು ಕೂತೆ. ಹೆಂಗಸರು ಭಜನೆ ಶುರು ಮಾಡಿ ಪಕ್ಕದ ಸೀಟಿಗೆ ಬೆಲ್ಲ ಹಾಕತೊಡಗಿದರು.

ಅಡಿಯಿಂದ ಮಿಸ್ತ್ರಿ ಕೂಗಿದ, "ಯಾರದು ಹತ್ತಿದ್ದು? ಲೆಕ್ಕ ತಪ್ಪಿತು." ಮತ್ತೆ ಹೊರಗೆ ಬಂದು ಕಾಟಾ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಸೇಠ್, ಅಜ್ಜಿಯ ತೂಕ ಬರೋಬರ್ ನಿಮ್ಮಷ್ಟೇ. ಒಂದು ಮುಷ್ಟಿ ಜಾಸ್ತಿಯೇ," ಎಂದ.

ಭೂಮಿ ಬಿರಿದಿದ್ದರೆ ಕಾರು ಸಮೇತ ಇಳಿದುಹೋಗುತ್ತಿದ್ದೆ. ಹೆಂಗಸರಿಗೆ ಮಾತ್ರ ಹರಕೆಯದ್ದೇ ಚಿಂತೆ. ಬೆಲ್ಲ ಮುಗಿಯಿತು, ಬಾಳೆಗೊನೆ ಮುಗಿಯಿತು, ಕಾಯಿ ಮುಗಿಯಿತು, ಕಾಟಾ ಇನ್ನೂ ನನ್ನ ಕಡೆಯೇ.

ಅವರಲ್ಲಿ ಹಿರಿಯಳು ಧಣಿಯನ್ನು ಕೇಳಿದಳು, "ನಿಮ್ಮ ಹೊಟೇಲಿನ ದೋಸೆಹಿಟ್ಟಿನ ಗ್ರೈಂಡರ್ ಇಲ್ಲೇ ಉಂಟಾ?"

೫. ಮಂಗಳವಾರ

ರೇಸಿನ ಕಾರಿಗೆ ರೇಸಿನ ಬೆಲ್ಟು. ಎರಡು ಭುಜದ ಮೇಲಿಂದ, ಎರಡು ಸೊಂಟದಿಂದ, ನಾಲ್ಕೂ ಹೊಟ್ಟೆಯ ಮೇಲೆ ಒಂದು ಗುಂಡಿಗೆ ಸೇರುತ್ತವೆ. ಹಾಕುವಾಗ ನಾನೇ ಒತ್ತಿದೆ, ಟಕ್ ಅಂತ ಕೂತಿತು. ಕಲ್ಯಾಣ್ ಫಾಟಾದ ಟ್ರಾಫಿಕ್ಕಿನಲ್ಲಿ ಎ.ಸಿ. ಇಲ್ಲದೆ ಬೆಂದು ಡೊಂಬಿವಲಿ ಮುಟ್ಟಿದೆವು. ಹೆಂಗಸರೆಲ್ಲ ಮಂಡಳಿಯ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ನಾನೇ ರೇಸಿಗೆ ಹೋಗುತ್ತೇನೆ, ಅದಕ್ಕೇ ತೂಕ ಹಾಕಿದ್ದು ಅಂತ ಅಷ್ಟರಲ್ಲಿ ಸುದ್ದಿ. ಒಬ್ಬಳ ಕೈಯಲ್ಲಿ ಆರತಿ ತಟ್ಟೆಯೂ ಇತ್ತು.

ಧಣಿ ಬಾಗಿಲು ತೆರೆದು ದೂರ ನಿಂತ, ಕೈ ಹಿಂದೆ ಕಟ್ಟಿಕೊಂಡು.

ಆ ಗುಂಡಿಯನ್ನು ಒತ್ತುವುದಲ್ಲ, ತಿರುಗಿಸುವುದು. ನನ್ನ ಬೆರಳ ಗಂಟುಗಳಲ್ಲಿ ಅಷ್ಟು ಶಕ್ತಿಯಿಲ್ಲ. ತಿರುಗಿಸಿದೆ, ಜಗ್ಗಿದೆ, ಸೆರಗು ಸುತ್ತಿ ಹಿಡಿದು ನೋಡಿದೆ. ಅದು ಅಲ್ಲಾಡಲಿಲ್ಲ.

"ನಾನು ತೆಗೀತೇನೆ ಅತ್ತೆ," ಎಂದ. ಸ್ವರ ಇಳಿದಿತ್ತು. "ಕಾರು ಹೋದರೆ ಹೋಗ್ಲಿ."

ಅಪ್ಪ ಸತ್ತ ವಾರ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದಾಗ ಅವನದ್ದು ಇದೇ ಮುಖ ಇತ್ತು.

"ಕೈ ಹಿಂದೆ ಇಟ್ಟುಕೋ," ಎಂದೆ. "ನನ್ನನ್ನು ಮುಟ್ಟಿದರೆ ನೋಡು." ಹೆಂಗಸರಿಗೆ ಹೇಳಿದೆ, "ಇವತ್ತು ಒಳಗೆ ಸೆಕೆ. ಇಲ್ಲೇ ಭಜನೆ ಮಾಡುವ. ನನ್ನ ತಾಳ ಕೊಡಿ."

ಕಾರಿನ ಸುತ್ತ ಚಾಪೆ ಹಾಸಿದರು. ನಾಲ್ಕು ಬೆಲ್ಟಿನಲ್ಲಿ ಬಿಗಿದುಕೊಂಡು, ಬೆವರಿನಲ್ಲಿ ತೊಯ್ದು, ಬಿಲ್ಡಿಂಗಿನ ಎಲ್ಲಾ ಬಾಲ್ಕನಿಗಳಿಂದ ಜನ ಬಗ್ಗಿ ನೋಡುತ್ತಿರುವಾಗ ನಾನು ಎಲ್ಲಾ ಭಜನೆ ಹೇಳಿದೆ. ತಲೆ ಎತ್ತಲಿಲ್ಲ. ಮಂಗಳಾರತಿ ದೇವರಿಗೆ ಆಯಿತು, ನನಗೆ ಆಯಿತು, ಕಾರಿನ ಬಾನೆಟ್ಟಿಗೂ ಆಯಿತು. ಪ್ರಸಾದವನ್ನೂ ದೂರದಿಂದಲೇ ಮಡಿಲಿಗೆ ಹಾಕಿಸಿಕೊಂಡೆ.

ಹಾಗೇ ವಾಪಸ್ ಬಂದೆವು. ಸೊಸೆ ಪಾರ್ಕಿಂಗಿಗೆ ಇಳಿದು ಬಂದಳು. ಕೈಯಲ್ಲಿ ಮೊಬೈಲು. ವಾಟ್ಸಾಪಿನಲ್ಲಿ ಫೋಟೋ ಆಗಲೇ ಬಂದಿತ್ತು: ನಡುವೆ ನಾನು ತಾಳ ಹಿಡಿದು, ಸುತ್ತ ಹೆಂಗಸರು.

"ಯಾರೂ ನನ್ನನ್ನು ಮುಟ್ಟಲಿಲ್ಲ," ಎಂದೆ. "ಭಜನೆಯೂ ಆಯ್ತು. ನಿನ್ನ ಶರತ್ತಿನಲ್ಲಿ ಇಳಿಯಬೇಕು ಅಂತ ಎಲ್ಲಿತ್ತು?"

ಸೊಸೆ ಫೋಟೋ ನೋಡಿದಳು, ನನ್ನನ್ನು ನೋಡಿದಳು, ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದ ಗಂಡನನ್ನು ನೋಡಿದಳು. ತುಟಿ ಕಚ್ಚಿ ನಗು ತಡೆದಳು.

"ಆಯ್ತು, ಕಾರು ಇರ್ಲಿ," ಎಂದಳು. "ಸೀಟು ಕಿತ್ತಾಯ್ತು, ರೇಡಿಯೋ ಕಿತ್ತಾಯ್ತು, ಎ.ಸಿ. ಕಿತ್ತಾಯ್ತು. ಈಗ ಅತ್ತೆಯನ್ನೂ ಕಿತ್ತುಬಿಡಿ, ನಿಮಗೆ ಬೇಕಾದಷ್ಟು ಹಗುರಾಗ್ತದೆ."