ನಾಳೆ ನೆನಪಿಸು

ತೊಂದರೆಗೆಲ್ಲ ಕಾರಣ ಅಂಗೈಯಗಲದ ಒಂದು ನೀಲಿ ಚೌಕ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಪುಟ್ಟ ಅಂಗಡಿ ತೆರೆದು ಕಂಪ್ಯೂಟರ್ ಹಾಕಿದಾಗ ಅದು ಪರದೆಯ ಬಲಗಡೆ ಕೂತಿತ್ತು. ಚೌಕ ಅವನಿಗೆ ಹೊಸದಲ್ಲ. ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ಬಂದು, 'ಹೊಸ ಆಪರೇಟಿಂಗ್ ಸಿಸ್ಟಮ್ ಸಿದ್ಧವಾಗಿದೆ, ಹಾಕಲೇ?' ಎಂದು ಕೇಳುತ್ತಿತ್ತು. ಕೆಳಗೆ ಎರಡು ಗುಂಡಿ: 'ಈಗಲೇ', 'ನಾಳೆ ನೆನಪಿಸು'. ಪುಟ್ಟ ದಿನಾ ಎರಡನೆಯದನ್ನು ಒತ್ತುತ್ತಿದ್ದ, ಹಲ್ಲುಜ್ಜುವಷ್ಟೇ ನಿಷ್ಠೆಯಿಂದ.

ಇವತ್ತಿನ ಚೌಕದ ದನಿಯೇ ಬೇರೆ. 'ಇಂದು ಸಂಜೆ ಐದು ಗಂಟೆಗೆ ಹೊಸ ಸಿಸ್ಟಮ್ ತಾನಾಗಿಯೇ ಬಂದು ಸೇರಲಿದೆ.' ಕೆಳಗೆ ಅದೇ ಎರಡು ಗುಂಡಿ. ಪುಟ್ಟ 'ನಾಳೆ ನೆನಪಿಸು' ಒತ್ತಿದ. ಚೌಕ ಕದಲಲಿಲ್ಲ. ಲಿಫ್ಟಿನ ಮುಂದೆ ನಿಂತ ಅವಸರದವನ ಹಾಗೆ ಹನ್ನೆರಡು ಸಲ ಒತ್ತಿದ. ಊಟ ಮುಗಿದ ಮೇಲೂ ಏಳದ ನೆಂಟನ ಹಾಗೆ ಅದು ಅಲ್ಲೇ ಇತ್ತು.

ಪುಟ್ಟನಿಗೆ ನಲವತ್ತಮೂರು ವರ್ಷ. ಅಕ್ಕ ಅವನನ್ನು ಹಾಗೆ ಕರೆಯುತ್ತಿದ್ದುದರಿಂದ ಇಡೀ ಬೀದಿ ಹಾಗೇ ಕರೆಯುತ್ತಿತ್ತು. ಅಂಗಡಿ ಇಬ್ಬರದೂ, ತೀರ್ಮಾನ ಮಾತ್ರ ಅಕ್ಕನದು. ಸಮವಸ್ತ್ರಗಳ ಮೇಲೆ ಹೆಸರು ಹೊಲಿದುಕೊಡುವ ಕೆಲಸ. ಕಸೂತಿ ಯಂತ್ರಕ್ಕೆ ಆರು ಸೂಜಿ, ಇಪ್ಪತ್ತು ವರ್ಷದ ವಯಸ್ಸು. ಅದು ಮಾತಾಡುವುದು ಒಂದೇ ಒಂದು ಪ್ರೋಗ್ರಾಂ ಜೊತೆ, ಆ ಪ್ರೋಗ್ರಾಂ ಬರೆದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು. ಹೊಸ ಸಿಸ್ಟಮ್ ಬಂದು ಹಳೆಯ ಪ್ರೋಗ್ರಾಂ ಮುನಿಸಿಕೊಂಡರೆ ಯಂತ್ರ ಮೂಕವಾಗುತ್ತದೆ, ಅಂಗಡಿ ಮುಚ್ಚಬೇಕಾಗುತ್ತದೆ. ಒಂದೂವರೆ ವರ್ಷದಿಂದ ಪುಟ್ಟನ ಎದೆಯ ಮೇಲಿದ್ದ ಕಲ್ಲು ಇದು.

ಇನ್ನೊಂದು ಕಲ್ಲು ಇವತ್ತಿನದು. ಅಕ್ಕ ಮಗಳ ಬಾಣಂತನಕ್ಕೆಂದು ನಿನ್ನೆ ಹೊರಟಿದ್ದಳು. ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, "ಆಸ್ಪತ್ರೆಯ ನಲವತ್ತು ಕೋಟು ಸೋಮವಾರ ಸಂಜೆ ಆರಕ್ಕೆ ಹೋಗ್ಬೇಕು. ಅಷ್ಟು ಮಾಡಿದ್ರೆ ಇನ್ನು ಅಂಗಡಿ ನಿನ್ನ ಕೈಗೇ ಬಿಡ್ತೀನಿ" ಎಂದಿದ್ದಳು. "ಮಾಡದಿದ್ರೆ?" ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟಿತ್ತು.

ಪುಟ್ಟ ಚೌಕವನ್ನು ನೋಡಿದ, ಕೋಟುಗಳ ರಾಶಿ ನೋಡಿದ, ಮತ್ತೆ ಚೌಕ ನೋಡಿದ. ನಂತರ ದೊಡ್ಡ ತಪ್ಪೊಂದನ್ನು ಮಾಡಿದ: ಪಕ್ಕದ ಅಂಗಡಿಗೆ ಹೋಗಿ ಅಭಿಪ್ರಾಯ ಕೇಳಿದ.

ಪಕ್ಕದ್ದು ಕನ್ನಡಕದ ಅಂಗಡಿ. ಕನ್ನಡಕದವನು ಬಂದು, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಚೌಕವನ್ನು ಪರೀಕ್ಷಿಸಿದ. "ಹಾಕ್ಸಿಬಿಡಪ್ಪ. ನಂದೂ ಹೊಸದೇ. ಎಷ್ಟು ಚುರುಕು ಗೊತ್ತಾ?"

"ಚುರುಕಿಗೆ ಇದಕ್ಕೇನಾಗಿದೆ?" ಪುಟ್ಟನಿಗೆ ರೋಷ ಬಂತು. ಮೊದಲ ಕೋಟನ್ನು ಚೌಕಟ್ಟಿಗೆ ಸಿಕ್ಕಿಸಿ, ಪರದೆಯ ಎಡಗಡೆ ಪ್ರೋಗ್ರಾಂ ತೆರೆದು ಯಂತ್ರ ಓಡಿಸಿದ. ಸೂಜಿಗಳು ಸುರಿದವು. ಜೇಬಿನ ಮೇಲೆ ದಾದಿಯ ಹೆಸರು, ಕಾಲರಿನ ಒಳಗೆ ಚಿಕ್ಕದಾಗಿ ಇವತ್ತಿನ ತಾರೀಖು. ಎರಡು ವರ್ಷಕ್ಕೊಮ್ಮೆ ಕೋಟು ಬದಲಿಸಬೇಕೆಂಬುದು ಆ ಆಸ್ಪತ್ರೆಯ ನಿಯಮ; ತಾರೀಖನ್ನು ಪ್ರೋಗ್ರಾಂ ತಾನೇ ಕಂಪ್ಯೂಟರಿನ ಗಡಿಯಾರ ನೋಡಿ ಹಾಕಿಕೊಳ್ಳುತ್ತಿತ್ತು. "ನೋಡಿ! ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ಇವತ್ತಂತೂ ಗುಂಡಿ ಒತ್ತಿದ ತಕ್ಷಣ ಎದ್ದು ಕೂತಿದೆ. ಹಳೇದು ಅಂದ್ರೆ ಹಳೇದು. ಇದನ್ನ ಬಿಟ್ಟು ಹೊಸದಕ್ಕೆ ಹೋಗು ಅಂತೀರಲ್ಲ!"

"ಪರದೆ ಕೆಳಗಿನ ಚಿಹ್ನೆಗಳೆಲ್ಲ ನಡುವಿಗೆ ಬಂದಿವೆಯಲ್ಲೋ?"

"ಅಕ್ಕ ಊರಿಗೆ ಹೋಗೋ ಮುಂಚೆ ಎಲ್ಲಾನೂ ಒರೆಸಿ ಜೋಡಿಸಿಟ್ಟು ಹೋಗ್ತಾಳೆ. ನನ್ನ ಚಪ್ಪಲಿ ಕೂಡ ಇನ್ನೂ ಸಿಕ್ಕಿಲ್ಲ."

ಅಷ್ಟರಲ್ಲಿ ಬೀಗದಜ್ಜ ಒಳಗೆ ಬಂದರು. ಮೂಲೆಯಲ್ಲಿ ಬೀಗ ರಿಪೇರಿ ಮಾಡುವ ಅವರಿಗೆ ಯಾರ ಮನೆಯಲ್ಲಿ ಯಾವ ಬಾಗಿಲು ಕಿರುಗುಟ್ಟಿದರೂ ಗೊತ್ತಾಗುತ್ತಿತ್ತು. ವಿಷಯ ಕೇಳಿ ತಲೆಯಾಡಿಸಿದರು. "ಕಳ್ಳ ಇಷ್ಟು ಗಂಟೆಗೆ ಬರ್ತೀನಿ ಅಂತ ಚೀಟಿ ಅಂಟಿಸಿದ್ದಾನೆ. ನೀವು ಕೂತ್ಕೊಂಡು ಅವನು ಒಳ್ಳೆಯವನೋ ಕೆಟ್ಟವನೋ ಅಂತ ಚರ್ಚೆ ಮಾಡ್ತಿದೀರ. ಬರೋ ದಾರಿ ಯಾವುದು, ಅದು ಹೇಳಿ."

"ಇಂಟರ್ನೆಟ್ ತಂತಿ," ಎಂದ ಪುಟ್ಟ.

ಗೋಡೆಯ ಮೇಲೆ ಎರಡು ಕಪ್ಪು ತಂತಿ ಅಕ್ಕತಂಗಿಯರ ಹಾಗೆ ಜೊತೆಯಾಗಿ ಹೋಗುತ್ತಿದ್ದವು. ಪುಟ್ಟ "ಎಡಗಡೇದು... ಅಲ್ಲ, ತಡೀರಿ..." ಎನ್ನುವಷ್ಟರಲ್ಲಿ ಅಜ್ಜನ ಇಕ್ಕಳ ಎರಡನ್ನೂ ಒಂದೇ ಏಟಿಗೆ ಕತ್ತರಿಸಿತು. "ಅನುಮಾನ ಇದ್ದಾಗ ಎರಡೂ ಹೋಗ್ಲಿ," ಎಂದರು.

ಪಕ್ಕದ ಅಂಗಡಿಯಿಂದ ಚೀರಾಟ ಕೇಳಿತು. ಅಲ್ಲಿ ಗಿರಾಕಿಯೊಬ್ಬರು ಕಣ್ಣಿನ ಪರೀಕ್ಷೆಗೆ ಗಲ್ಲವನ್ನು ಯಂತ್ರಕ್ಕೆ ಆನಿಸಿ ಕೂತಿದ್ದರು. ಎದುರಿನ ಪರದೆಯ ಅಕ್ಷರಗಳು ಬರುತ್ತಿದ್ದುದು ಇಂಟರ್ನೆಟ್ಟಿನಿಂದ. "ಅಯ್ಯೋ, ದೊಡ್ಡಕ್ಷರ ಕೂಡ ಹೋಯ್ತು! ನನ್ನ ಕಣ್ಣು ಹೋಯ್ತು!" ಎಂದು ಆಕೆ ಬೀದಿಗೆ ಬಂದು, ಬೀದಿಯನ್ನು ಸ್ಪಷ್ಟವಾಗಿ ನೋಡಿ, ಇನ್ನಷ್ಟು ಗಾಬರಿಯಾಗಿ ಹೊರಟುಹೋದರು.

ಕನ್ನಡಕದವನ ಮುಖ ಕೆಂಡವಾಯಿತು. "ನನ್ನ ತಂತಿಗೆ ಕೈ ಹಾಕಿದ್ರಾ? ಈಗ ನೋಡಿ!" ಎಂದವನೇ ಮೌಸ್ ಕಸಿದುಕೊಂಡು ಚೌಕದ ಮೇಲಿನ 'ಈಗಲೇ' ಗುಂಡಿಯನ್ನು ಒತ್ತಿಬಿಟ್ಟ.

ಪುಟ್ಟ ಕಣ್ಣು ಮುಚ್ಚಿದ. ಅವನಿಗೆ ಖಾಲಿ ಅಂಗಡಿ ಕಾಣಿಸಿತು, ಬಸ್ಸಿನ ಕಿಟಕಿಯಲ್ಲಿ ಅಕ್ಕನ ತಲೆ ಕಾಣಿಸಿತು. ಕಣ್ಣು ತೆರೆದಾಗ ಚೌಕ ಹಾಗೇ ಇತ್ತು. ಏನೂ ಆಗಿರಲಿಲ್ಲ.

"ನೋಡಿದ್ರಾ?" ಬೀಗದಜ್ಜ ಇಕ್ಕಳವನ್ನು ಜೇಬಿಗಿಳಿಸಿದರು. "ದಾರಿ ಮುಚ್ಚಿದ ಮೇಲೆ ಬಾಗಿಲು ಬಡಿದು ಏನು ಪ್ರಯೋಜನ?"

ಪುಟ್ಟನಿಗೆ ಅರ್ಧ ಜೀವ ಬಂತು. ಉಳಿದ ಅರ್ಧವನ್ನು ಕನ್ನಡಕದವನು ಕಿತ್ತುಕೊಂಡ. "ಅದು ಇಷ್ಟೊತ್ತಿಗೆ ಇಳಿದು ಒಳಗೆ ಕೂತಿರುತ್ತೆ. ಐದಾಗೋದನ್ನ ಕಾಯ್ತಿದೆ ಅಷ್ಟೆ."

ಈಗ ಬಂದವಳು ಎದುರಿನ ಹೇರ್‌ಕಟಿಂಗ್ ಅಂಗಡಿಯ ಅಮ್ಮ. ಅರ್ಧ ಕತ್ತರಿಸಿದ ತಲೆಯೊಂದನ್ನು ಕುರ್ಚಿಯಲ್ಲಿ ಬಿಟ್ಟು ಬಂದಿದ್ದಳು. "ಇಷ್ಟಕ್ಕೆಲ್ಲ ಯಾಕೋ ಪುಟ್ಟ ಬೆವರ್ತೀಯ? ನನ್ನ ಅಂಗಡಿ ಗಡಿಯಾರ ಇಪ್ಪತ್ತು ನಿಮಿಷ ಹಿಂದೆ ಇಟ್ಟಿದೀನಿ. ಎಷ್ಟು ಕಾಯಿಸಿದ್ರೂ ಒಬ್ರೂ ಬೈಯಲ್ಲ. ಇದರ ಗಡಿಯಾರಾನೂ ಹಿಂದಕ್ಕೆ ತಿರುಗಿಸು. ಐದೇ ಆಗದಿದ್ರೆ ಅದು ಹೇಗೆ ಬರುತ್ತೆ?"

ಕನ್ನಡಕದವನು ಮೌಸ್ ಬಿಟ್ಟುಕೊಟ್ಟ. ಅವಳೇ ಕುಳಿತು, ಒದ್ದೆ ಬೆರಳಿನಿಂದ ಗಡಿಯಾರವನ್ನು ಬೆಳಗಿನ ಆರಕ್ಕೆ ಇಳಿಸಿದಳು. ಬೆರಳು ಒಮ್ಮೆ ಜಾರಿತು. ಯಾರೂ ಗಮನಿಸಲಿಲ್ಲ.

ಪುಟ್ಟ ನಿರಾಳವಾಗಿ ಹೊಲಿದ. ಎರಡು, ಮೂರು, ಹತ್ತು, ಹದಿನೆಂಟು. ಯಂತ್ರ ಹಾಡುತ್ತಿತ್ತು, ಪುಟ್ಟನೂ. ಮಧ್ಯಾಹ್ನ ಒಂದಕ್ಕೆ ಬೀಗದಜ್ಜ ಬೇಸರಕ್ಕೆಂದು ಒಂದು ಕೋಟಿನ ಕಾಲರು ಮಗುಚಿ ನೋಡಿ ಕೇಳಿದರು: "ಪುಟ್ಟ, ಇದು ಯಾವ ವರ್ಷನಪ್ಪ?"

ಹದಿನೇಳು ಕೋಟುಗಳ ಕಾಲರಿನಲ್ಲಿ ಹೋದ ವರ್ಷದ ತಾರೀಖು ಅಚ್ಚುಕಟ್ಟಾಗಿ ಕೂತಿತ್ತು. ಹದಿನೇಳು ದಾದಿಯರ ಹೊಸ ಕೋಟು ಹುಟ್ಟುತ್ತಲೇ ಒಂದು ವರ್ಷ ಹಳೆಯದಾಗಿತ್ತು.

"ನಾನು ಗಂಟೆ ಮಾತ್ರ ಮುಟ್ಟಿದ್ದು," ಎಂದಳು ಹೇರ್‌ಕಟಿಂಗ್ ಅಮ್ಮ, ಯಾರೂ ಕೇಳದಿದ್ದರೂ.

ಪುಟ್ಟ ಸ್ಟೂಲಿನ ಮೇಲೆ ಕುಸಿದ. ಗಡಿಯಾರ ಸರಿ ಮಾಡಿದರೆ ತಾರೀಖು ಸರಿಯಾಗುತ್ತದೆ, ಆದರೆ ಐದಕ್ಕೆ ಚೌಕ ಬಂದು ಯಂತ್ರವನ್ನು ನುಂಗುತ್ತದೆ. ಸರಿ ಮಾಡದಿದ್ದರೆ ಯಂತ್ರ ಉಳಿಯುತ್ತದೆ, ಕೋಟು ಉಳಿಯುವುದಿಲ್ಲ. ಅವನು ಫೋನಿಗೆ ಕೈ ಚಾಚಿ, ಅಕ್ಕನ ಹೆಸರಿನವರೆಗೂ ಹೋಗಿ, ಕೈ ಹಿಂದಕ್ಕೆ ತೆಗೆದ.

"ಗಡಿಯಾರ ಸರಿ ಮಾಡ್ತೀನಿ," ಎಂದ. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. "ಐದಕ್ಕೆ ಮುಂಚೆ ಅಷ್ಟನ್ನೂ ಮುಗಿಸ್ತೀನಿ. ನೀವು ಮೂರೂ ಜನ ಕೂತು ಹೊಲಿಗೆ ಬಿಚ್ಚಿ. ತಂತಿ ಕತ್ತರಿಸಿದೋರು, ಗಡಿಯಾರ ತಿರುಗಿಸಿದೋರು, ಗುಂಡಿ ಒತ್ತಿದೋರು, ಯಾರೂ ಏಳೋ ಹಾಗಿಲ್ಲ."

ಯಾರೂ ಏಳಲಿಲ್ಲ. ಬೀಗದಜ್ಜ ಬೀಗ ತೆರೆಯುವ ಸಣ್ಣ ಕೊಕ್ಕೆಯಿಂದ ಒಂದೊಂದೇ ದಾರವನ್ನು ಎಬ್ಬಿಸಿದರು. ಹೇರ್‌ಕಟಿಂಗ್ ಅಮ್ಮ ತನ್ನ ಕತ್ತರಿಯಿಂದ ಕಚಕಚನೆ ಬಿಚ್ಚಿದಳು. ಅವಳ ಕುರ್ಚಿಯಲ್ಲಿದ್ದ ಅರ್ಧ ತಲೆ ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋಯಿತು. ಕನ್ನಡಕದವನು ಭೂತಗನ್ನಡಿ ಹಿಡಿದು, "ಇಲ್ಲೊಂದು ಎಳೆ ಉಳೀತು, ಇಲ್ಲೊಂದು," ಎಂದು ಎಲ್ಲರ ತಲೆ ತಿಂದ.

"ಸ್ವಲ್ಪ ಬಾಯಿಗೂ ಬೀಗ ಹಾಕೋ," ಎಂದರು ಅಜ್ಜ.

"ಬೀಗ ನಿಮ್ಮ ಹತ್ರಾನೇ ಇದೆಯಲ್ಲ, ಮೊದಲು ನೀವು ಹಾಕ್ಕೊಳ್ಳಿ."

ನಾಲ್ಕೂ ಐವತ್ತೆಂಟಕ್ಕೆ ನಲವತ್ತನೆಯ ಕೋಟು ಸೂಜಿಗಳ ಕೆಳಗಿತ್ತು. ನಾಲ್ಕೂ ಐವತ್ತೊಂಬತ್ತಕ್ಕೆ ಹೆಸರು ಮುಗಿದು ಕಾಲರು ಬಂತು. ನಾಲ್ವರೂ ಪರದೆಯನ್ನು ನೋಡುತ್ತ ನಿಂತರು. ಐದಾಯಿತು. ಸೂಜಿಗಳು ಓಡುತ್ತಲೇ ಇದ್ದವು. ಐದೂ ಒಂದು. ಐದೂ ಎರಡು. ಯಂತ್ರ ಕೊನೆಯ ಅಂಕಿ ಮುಗಿಸಿ, ದಾರ ಕತ್ತರಿಸಿಕೊಂಡು, ಎಂದಿನಂತೆ 'ಟಿಣ್' ಎಂದಿತು.

ಪುಟ್ಟನ ಒಂದೂವರೆ ವರ್ಷದ ಉಸಿರು ಒಟ್ಟಿಗೆ ಹೊರಬಂತು. ಕನ್ನಡಕದವನು ಬೀಗದಜ್ಜನನ್ನು ತಬ್ಬಿಕೊಂಡ, ತಕ್ಷಣ ತಂತಿಯ ನೆನಪಾಗಿ ಬಿಟ್ಟ. ಆರಕ್ಕೆ ಆಸ್ಪತ್ರೆಯ ಉಗ್ರಾಣದಾಕೆ ಬಂದು ನಲವತ್ತು ಕಾಲರುಗಳನ್ನೂ ಮಗುಚಿ ನೋಡಿ, "ಚೆನ್ನಾಗಿದೆ," ಎಂದು ತೆಗೆದುಕೊಂಡು ಹೋದಳು.

ಅವಳ ಬೆನ್ನಿಗೇ ಅಕ್ಕನ ಫೋನು. ಪುಟ್ಟ ಸ್ಪೀಕರಿಗೆ ಹಾಕಿದ, ಹೊಗಳಿಕೆ ನಾಲ್ಕು ಜನಕ್ಕೆ ಕೇಳಲೆಂದು.

"ಕೋಟು ಹೋಯ್ತಾ?"

"ಹೋಯ್ತು ಅಕ್ಕ. ನಲವತ್ತೂ."

"ಭೇಷ್! ಕಂಪ್ಯೂಟರ್ ಹೇಗೆ ಓಡ್ತಿದೆ?"

"ಕುದುರೆ ಹಾಗೆ. ಅದೇ ಹಳೇ ಸಿಸ್ಟಮ್, ನಾನು ಕಾಪಾಡಿದೆ. ಹೊಸದಕ್ಕೆ ಹೋಗಿದ್ರೆ ಇವತ್ತು ನಾವು ಬೀದೀಲಿರ್ತಿದ್ವಿ."

ಆ ಕಡೆ ಅಕ್ಕ ಅಳುತ್ತಿದ್ದ ಮಗುವನ್ನು ಮಗಳ ಕೈಗೆ ದಾಟಿಸಿದ್ದು ಕೇಳಿಸಿತು.

"ಯಾವ ಹಳೇದೋ? ಶನಿವಾರ ಮಧ್ಯಾಹ್ನ ನೀನು ದಾರ ತರೋಕೆ ಹೋಗಿದ್ದಾಗ ಹೊಸದು ಹಾಕ್ದೆ. ಐದಕ್ಕೆ ತಾನೇ ಬರ್ತೀನಿ ಅಂತ ಹೆದರಿಸ್ತು, ನಾನೇ 'ಈಗಲೇ' ಒತ್ತಿದೆ. ಅಂಗಿ ಗುಂಡಿಗಳ ಡಬ್ಬಿ ಜೋಡಿಸೋಷ್ಟರಲ್ಲಿ ಮುಗಿದೇಹೋಯ್ತು. ನೀನು ನಂಬಲ್ಲ ಅಂತ ಒತ್ತೋ ಮುಂಚೆ ಕಂಪ್ಯೂಟರಲ್ಲೇ ಆ ಚೌಕದ ಫೋಟೋ ತೆಗೆದಿಟ್ಟೆ. ಉಳಿಸು ಅಂತ ಒತ್ತೋ ಕಡೆ ಇನ್ನೇನೋ ಒತ್ತಿಬಿಟ್ಟೆ, ಅದು ಪರದೆ ಹಿಂದಿನ ಚಿತ್ರ ಆಗಿ ಅಂಟಿಕೊಂಡ್ತು. ತೆಗೆಯೋಕೆ ಬರಲಿಲ್ಲ, ನೀನು ತೆಗೀತೀಯ ಅಂತ ಬಿಟ್ಟೆ. ನೋಡ್ಲಿಲ್ವಾ?"

ನಾಲ್ವರೂ ಚೌಕವನ್ನು ನೋಡಿದರು. ಗೋಡೆಗೆ ತೂಗುಹಾಕಿದ ಫೋಟೋದ ಹುಲಿಗೆ ಹೆದರಿ ದಿನವಿಡೀ ಮಂಚದ ಕೆಳಗೆ ಕೂತಿದ್ದವರ ಮುಖ ಅವರದು. ಚಿತ್ರದೊಳಗಿನ 'ಇಂದು' ಮೊನ್ನೆಯೇ ಮುಗಿದಿತ್ತು.

"ನಾನು ಬೆಳಿಗ್ಗೆನೇ ಹೇಳ್ದೆ, ಹೊಸದು ಚುರುಕು ಅಂತ," ಎಂದ ಕನ್ನಡಕದವನು.

ಪುಟ್ಟನಿಗೆ ನಾಚಿಕೆಯಾಗಬೇಕಿತ್ತು. ಆದರೆ ಬಂದದ್ದು ನಗು, ಹೊಟ್ಟೆ ಹಿಡಿದುಕೊಳ್ಳುವಂಥದ್ದು. ಹೊಸ ಸಿಸ್ಟಮ್ ಬಂದಿದೆ, ಯಂತ್ರ ಬದುಕಿದೆ, ಅಂಗಡಿ ಇದೆ. ಇನ್ನು ಜೀವಮಾನದಲ್ಲಿ ಆ ತೀರ್ಮಾನ ತೆಗೆದುಕೊಳ್ಳುವ ಅಗತ್ಯವೇ ಇಲ್ಲ!

"ಇನ್ಮೇಲೆ ಅಂಗಡಿ ತೀರ್ಮಾನ ಎಲ್ಲಾ ನಿಂದೇ," ಎಂದು ಅಕ್ಕ ಫೋನಿಟ್ಟಳು.

ಕನ್ನಡಕದವನು ಚಿತ್ರ ತೆಗೆಯುವುದು ಹೇಗೆಂದು ತೋರಿಸಿಕೊಟ್ಟ. ಪರದೆ ತಿಳಿಯಾಯಿತು. ಬೀಗದಜ್ಜ ಪ್ರಾಯಶ್ಚಿತ್ತವಾಗಿ ಎರಡೂ ತಂತಿಗಳನ್ನು ಕೂಡಿಸಿ ಸುತ್ತಿದರು. ಇಂಟರ್ನೆಟ್ ಮರಳಿ ಬಂತು.

ಅದರ ಹಿಂದೆಯೇ, ಪರದೆಯ ಬಲಗಡೆ, ಅಂಗೈಯಗಲದ ಒಂದು ಹಸಿರು ಚೌಕ ಮೆಲ್ಲಗೆ ತಲೆಯೆತ್ತಿತು. 'ನಿಮ್ಮ ಸಿಸ್ಟಮ್‌ಗಿಂತ ಹೊಸದೊಂದು ಸಿದ್ಧವಾಗಿದೆ. ಹಾಕಲೇ?'

ಕನ್ನಡಕದವನು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದ. ಅಜ್ಜನ ಕೈ ಜೇಬಿನ ಇಕ್ಕಳದತ್ತ ಹೋಯಿತು. ಹೇರ್‌ಕಟಿಂಗ್ ಅಮ್ಮ ಸ್ಟೂಲು ಎಳೆದುಕೊಂಡು ಕೂತಳು. "ಏನು ಮಾಡ್ತೀಯ ಪುಟ್ಟ? ಈಗ ಯಜಮಾನ ನೀನೇ."

ಯಜಮಾನ ಮೌಸ್ ಹಿಡಿದು, ಗಂಟಲು ಸರಿಮಾಡಿಕೊಂಡು, 'ನಾಳೆ ನೆನಪಿಸು' ಒತ್ತಿದ.

ಚೌಕ ತಕ್ಷಣ ಮಾಯವಾಯಿತು.

"ಅಬ್ಬಾ," ಎಂದ ಪುಟ್ಟ, "ಈಗ ಸರಿಯಾಯ್ತು ನೋಡಿ."