ಫೇಲಾಗಲೇಬೇಕಾದ ಪರೀಕ್ಷೆ

ಲಿಫ್ಟಿನ ಬಾಗಿಲಿಗೆ ಚೀಟಿ ಅಂಟಿಸುವಾಗ ಅವನು 'ಧ್ವನಿಮುದ್ರಣ' ಎಂದು ಬರೆದಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. 'ಪರೀಕ್ಷೆ' ಎಂದು ಬರೆದುಬಿಟ್ಟ. 'ಇಂದು ಸಂಜೆ ನಾಲ್ಕರಿಂದ ಐದರವರೆಗೆ ಮೂರನೇ ಮಹಡಿಯಲ್ಲಿ ನಮ್ಮ ಲಾಂಡ್ರಿಯವರ ಉಚ್ಚಾರಣೆ ಪರೀಕ್ಷೆ ಇರುವುದರಿಂದ ದಯವಿಟ್ಟು ಯಾರೂ ಗದ್ದಲ ಮಾಡಬಾರದು.' ಪರೀಕ್ಷೆ ಎಂಬ ಮಾತು ಕಣ್ಣಿಗೆ ಬಿದ್ದ ಮೇಲೂ ಕೈಕಟ್ಟಿ ಕೂರುವಂಥ ಜನ ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ.

ಕಟ್ಟಡದವರು ಅವನಿಗೆ ಇಟ್ಟ ಹೆಸರು 'ನಾಲಗೆ ಡಾಕ್ಟ್ರು'. ದೊಡ್ಡವರಾದ ಮೇಲೆ ಹೊಸ ಊರಿಗೆ ಬಂದು ಆ ಊರಿನ ಭಾಷೆ ಕಲಿಯುವವರ ನಾಲಗೆ ಎಲ್ಲಿ ಹೊರಳುತ್ತದೆ, ಎಲ್ಲಿ ಎಡವುತ್ತದೆ ಎಂಬುದು ಅವನ ಸಂಶೋಧನೆ. ಏಳು ವರ್ಷ ಕಳೆದರೂ ಡಾಕ್ಟರೇಟ್ ಬಂದಿರಲಿಲ್ಲ. ಬಾಯಿಹುಣ್ಣು ತೋರಿಸುವವರು ಮಾತ್ರ ವಾರಕ್ಕೊಬ್ಬರಾದರೂ ಬರುತ್ತಿದ್ದರು.

ಏಳು ವರ್ಷದ ಆ ಸಂಶೋಧನೆ ಕೊನೆಗೆ ಬಂದು ನಿಂತಿದ್ದು ಒಂದೇ ಅಕ್ಷರದ ಮೇಲೆ. ತಾಯ್ನುಡಿಯಲ್ಲಿ ಳ ಇಲ್ಲದವರು ಳ ಬರಬೇಕಾದ ಕಡೆಯೆಲ್ಲ ಲ ಹಾಕುತ್ತಾರೆ. ಕಾಳು ಕಾಲಾಗುತ್ತದೆ, ಹುಳಿ ಹುಲಿಯಾಗುತ್ತದೆ. ಅಂಥ ಇಪ್ಪತ್ತು ಜನರನ್ನು ಹುಡುಕಿ ಅವನು ಎರಡು ಗುಂಪು ಮಾಡಿದ್ದ. ಹತ್ತು ಜನಕ್ಕೆ ಆರು ವಾರ ತಾನೇ ಕಂಡುಹಿಡಿದ ವಿಧಾನದಲ್ಲಿ ಪಾಠ. ಇನ್ನು ಹತ್ತು ಜನಕ್ಕೆ ಪಾಠವೇ ಇಲ್ಲ. ಆಮೇಲೆ ಎಲ್ಲರಿಂದಲೂ ಒಂದೇ ಪಟ್ಟಿ ಓದಿಸಬೇಕು. ಪಾಠ ಕೇಳಿದವರು ಕಲಿತಿದ್ದು, ಕೇಳದವರು ಇದ್ದಂತೆಯೇ ಇದ್ದರೆ ವಿಧಾನ ಗೆದ್ದಂತೆ. ಗೆಲ್ಲುವುದರಲ್ಲಿ ಸಂಶಯವೂ ಇರಲಿಲ್ಲ. ಪಾಠ ಕೇಳಿದ ಹತ್ತೂ ಜನ ಅವನೇ ಬೆರಗಾಗುವಷ್ಟು ಚೆನ್ನಾಗಿ ಕಲಿತಿದ್ದರು. ಕೇಳದವರಲ್ಲಿ ಒಂಬತ್ತು ಜನ ಗೂಟಕ್ಕೆ ಕಟ್ಟಿದವರಂತೆ ಇದ್ದಲ್ಲೇ ಇದ್ದರು. ಹತ್ತನೆಯವನೊಬ್ಬ ಬಾಕಿ. ಅವನೇ ಕಟ್ಟಡದ ಕೆಳಗಿನ ಲಾಂಡ್ರಿಯವನು.

ಐವತ್ತರ ಆಸುಪಾಸಿನ ಲಾಂಡ್ರಿಯವನು ಈ ಊರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. 'ಈ ಸಲ ಕೊಲೆ ಜಾಸ್ತಿ ಇದೆ ಸಾರ್, ಎರಡು ದಿನ ಬೇಕು' ಎಂದು ಅವನು ಕೊಳೆ ಅಂಗಿ ಹಿಡಿದು ಹೇಳಿದಾಗ ಹೊಸ ಗಿರಾಕಿಗಳು ಬೆಚ್ಚಿ ಹಿಂದೆ ಸರಿದದ್ದುಂಟು. ಆರು ವಾರದ ಹಿಂದಿನ ಮೊದಲ ಪರೀಕ್ಷೆಯಲ್ಲಿ ಇಪ್ಪತ್ತನಾಲ್ಕು ಳಕಾರಕ್ಕೆ ಇಪ್ಪತ್ತನಾಲ್ಕನ್ನೂ ತಪ್ಪು ಹೇಳಿದ್ದ. ಇಷ್ಟು ನಿಷ್ಕಳಂಕವಾದ ಅಜ್ಞಾನ ಸಂಶೋಧಕನಿಗೆ ಸುಲಭಕ್ಕೆ ಸಿಗುವುದಲ್ಲ.

ಅಂದು ಸಂಜೆ ಐದಕ್ಕೆ ಫಲಿತಾಂಶ ಪ್ರೊಫೆಸರ್ ಮೇಡಂ ಕೈ ಸೇರಬೇಕಿತ್ತು. ವಿಶ್ವವಿದ್ಯಾಲಯ ಹೊಸದಾಗಿ ತೆರೆಯಲಿದ್ದ ಭಾಷಾ ತರಗತಿಗೆ ಒಬ್ಬ ಖಾಯಂ ಬೋಧಕ ಬೇಕಿತ್ತು. ವಿಧಾನ ಗೆದ್ದರೆ ಆ ಕುರ್ಚಿ ಅವನದೇ ಎಂದು ಮೇಡಂ ಹೇಳಿದ್ದರು. ಹನ್ನೊಂದು ತಿಂಗಳಿಗೊಮ್ಮೆ ನವೀಕರಣವಾಗುವ ಹಂಗಾಮಿ ಮೇಷ್ಟ್ರ ಕೆಲಸದಲ್ಲಿ ಕೂದಲು ನರೆಯುತ್ತಿದ್ದವನಿಗೆ ಅದು ಸಣ್ಣ ಮಾತಲ್ಲ. ಪ್ರಯೋಗಾಲಯದ ಗೋಡೆ ಕೊರೆಯುತ್ತಿದ್ದರೆಂದು ಮನೆಯ ಬಟ್ಟೆ ಬೀರುವನ್ನೇ ಧ್ವನಿಮುದ್ರಣದ ಕೋಣೆ ಮಾಡಿಕೊಂಡಿದ್ದ. ನೇತುಹಾಕಿದ ಬಟ್ಟೆಗಳ ನಡುವೆ ಮೈಕು ಇಟ್ಟರೆ ಹೊರಗಿನ ಸದ್ದು ಒಳಗೆ ನುಸುಳುವುದಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಬ್ರೆಡ್ಡು ತರಲು ಕೆಳಗಿಳಿದರೆ ಲಾಂಡ್ರಿಯ ಕೌಂಟರಿನ ಮುಂದೆ ಎರಡನೇ ಮಹಡಿಯ ನಿವೃತ್ತ ಹೆಡ್‌ಮಾಸ್ತರು ನಿಂತಿದ್ದರು. ಕೈಯಲ್ಲಿ ಸೀಮೆಸುಣ್ಣ. ಇಸ್ತ್ರಿ ಮೇಜಿನ ಅಂಚಿನ ತುಂಬ ಇಷ್ಟಿಷ್ಟು ದೊಡ್ಡ ಳ ಬರೆದು, ಒಂದೊಂದನ್ನೇ ಬೆರಳಿಟ್ಟು ಓದಿಸುತ್ತಿದ್ದರು. ಲಾಂಡ್ರಿಯವನು ವಿಧೇಯನಾಗಿ ಲ ಲ ಎನ್ನುತ್ತಿದ್ದ.

ಸಂಶೋಧಕ ಮಾಸ್ತರನ್ನು ಪಕ್ಕಕ್ಕೆ ಕರೆದು, ದಯವಿಟ್ಟು ಇವರಿಗೆ ಏನೂ ಕಲಿಸಬಾರದೆಂದು ಬೇಡಿಕೊಂಡ.

"ಮೂವತ್ತೆಂಟು ವರ್ಷದಲ್ಲಿ ನನ್ನ ಕೈಕೆಳಗೆ ಒಬ್ಬನೂ ಫೇಲಾಗಿಲ್ಲ," ಎಂದರು ಮಾಸ್ತರು. "ಇವನೂ ಆಗಲ್ಲ."

"ಇವರು ಫೇಲಾಗ್ಬೇಕು ಸಾರ್. ಅದೇ ನಂಗೆ ಬೇಕಾಗಿರೋದು."

ಮಾಸ್ತರು ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಂದು ಗುಂಪಿಗೆ ಪಾಠ ಇರಬಾರದು, ಹೋಲಿಸಿ ನೋಡಲು ಅದು ಬೇಕು ಎಂದು ಅವನು ಹೇಳಿದ್ದೆಲ್ಲ ಬೋರಲು ಹಾಕಿದ ಕೊಡದ ಮೇಲೆ ನೀರು ಸುರಿದಂತಾಯಿತು. ಬಡವನನ್ನು ಬೇಕೆಂದೇ ಫೇಲು ಮಾಡಲು ಹೊರಟ ಮೇಷ್ಟ್ರೊಬ್ಬ ಮೂರನೇ ಮಹಡಿಯಲ್ಲಿದ್ದಾನೆಂಬ ಸುದ್ದಿ ಹತ್ತು ಗಂಟೆಯೊಳಗೆ ತಾರಸಿಯವರೆಗೂ ಏರಿತು.

ಸುದ್ದಿ ಏರಿದ ಮೇಲೆ ಜನ ಇಳಿದರು. ಹನ್ನೊಂದಕ್ಕೆ ಎದುರು ಮನೆಯ ಅಕ್ಕ ಬಿಸಿನೀರು, ಚಮಚ ಹಿಡಿದು ಹೋಗಿ, ಬಾಯಿ ಮುಕ್ಕಳಿಸಲು ಹೇಳಿ, ಚಮಚದ ಹಿಡಿಯಿಂದ ಲಾಂಡ್ರಿಯವನ ನಾಲಗೆಯ ತುದಿಯನ್ನು ಮೇಲಕ್ಕೆತ್ತಲು ನೋಡಿದರು. ಸಂಶೋಧಕ ಓಡಿಹೋಗಿ ಚಮಚ ಕಸಿದುಕೊಂಡ. ಹೀಗೆ ಒಬ್ಬರ ಬಾಯಿಂದ ಚಮಚ ಕೀಳುವವರನ್ನು ತಾವು ಜನ್ಮದಲ್ಲಿ ಕಂಡಿಲ್ಲವೆಂದು ಅಕ್ಕ ಅಂದರು. ಹನ್ನೆರಡಕ್ಕೆ ಕಟ್ಟಡದ ಸಂಘದ ಕಾರ್ಯದರ್ಶಿ ಅಂಗಡಿಗೆ ಬಂದು, ತಮ್ಮ ಸಣ್ಣ ಮಗಳ ಓದುವ ಪುಸ್ತಕವನ್ನೂ, ಧೈರ್ಯ ತುಂಬುವ ಎರಡು ಮಾತನ್ನೂ ಕೊಟ್ಟರು. ಅಂಗಿ ಕೊಡಲು ಬಂದವರು 'ಹಾಳು ಅನ್ನಿ, ಹಾಲು ಅಲ್ಲ' ಎಂದರು. ಅಂಗಿ ಒಯ್ಯಲು ಬಂದವರು 'ಬೆಳೆ ಅನ್ನಿ, ಬೆಲೆ ಅಲ್ಲ' ಎಂದರು. ಆರು ವಾರದಲ್ಲಿ ಸಂಶೋಧಕ ಹತ್ತು ಜನಕ್ಕೆ ಮಾಡಿದ್ದಕ್ಕಿಂತ ಹೆಚ್ಚು ಪಾಠ ಅರ್ಧ ದಿನದಲ್ಲಿ ಒಬ್ಬನೇ ಮನುಷ್ಯನಿಗೆ ಆಗುತ್ತಿತ್ತು.

ಬೇರೆ ದಾರಿ ಕಾಣದೆ ಒಂದು ಗಂಟೆಗೆ ಮೇಲೆ ಹೋಗಿ, ಸದ್ದು ತೂರದ ದಪ್ಪ ಹೆಡ್‌ಫೋನು ತಂದು ಲಾಂಡ್ರಿಯವನ ಕಿವಿಗೆ ಹಾಕಿದ. ಜನ ಇನ್ನಷ್ಟು ಗಟ್ಟಿಯಾಗಿ ಕೂಗತೊಡಗಿದರು. ಎರಡಕ್ಕೆ ಅಂಗಡಿಗೆ ಅರ್ಧ ಬಾಗಿಲು ಎಳೆಸಿ, ಲಾಂಡ್ರಿಯವನನ್ನು ಮನೆಗೆ ಕರೆತಂದು ಸೋಫಾದ ಮೇಲೆ ಕೂರಿಸಿ ಚಿಲಕ ಹಾಕಿದ. ಐದು ನಿಮಿಷಕ್ಕೆ ಆಫೀಸಿನಿಂದ ಹೆಂಡತಿಯ ಫೋನು.

"ಲಾಂಡ್ರಿಯವರನ್ನ ಮನೇಲಿ ಕೂಡಿಹಾಕಿದ್ದೀರಂತೆ?"

ಕೂಡಿಹಾಕಿಲ್ಲ, ಕೂರಿಸಿದ್ದೇನೆ ಎಂದ. ಎರಡಕ್ಕೂ ಏನು ವ್ಯತ್ಯಾಸವೆಂದು ಅವಳು ಕೇಳಿದಳು. ನಾಲ್ಕು ಗಂಟೆಯ ಮೇಲೆ ಹೇಳುತ್ತೇನೆಂದು ಫೋನಿಟ್ಟ. ಎರಡು ಗಂಟೆಯ ಕಾಲ ಇಬ್ಬರೂ ಎದುರುಬದುರು ಮೂಕರಂತೆ ಕುಳಿತರು. ತಾನು ಬಾಯಿಬಿಟ್ಟರೆ ಎಲ್ಲಿ ಒಂದು ಳ ಹೊರಬಿದ್ದು ಅವನಿಗೆ ಅಂಟಿಕೊಳ್ಳುವುದೋ ಎಂದು ಸಂಶೋಧಕನಿಗೆ ಭಯ. ನೀರು ಬೇಕೇ ಎಂಬುದನ್ನೂ ಕೈಸನ್ನೆಯಲ್ಲೇ ಕೇಳಿದ.

ನಾಲ್ಕು ಹೊಡೆಯಿತು. ಬೀರುವಿನಲ್ಲಿ ಹೆಂಡತಿಯ ರವಿಕೆಗಳಿಗೂ ತನ್ನ ಕೋಟಿಗೂ ನಡುವೆ ಲಾಂಡ್ರಿಯವನನ್ನು ಸ್ಟೂಲಿನ ಮೇಲೆ ಕೂರಿಸಿ, ಮೈಕು ಸರಿಪಡಿಸಿ, ಪಟ್ಟಿ ಕೈಗಿತ್ತ. ಲಾಂಡ್ರಿಯವನು ಮೊದಲು ರವಿಕೆಗಳ ಇಸ್ತ್ರಿಯನ್ನು ಪರೀಕ್ಷಿಸಿ, ಆಮೇಲೆ ಓದಿದ. ಹಾಳು ಎಂದಿದ್ದಲ್ಲಿ ಹಾಲು. ಬೆಳೆ ಎಂದಿದ್ದಲ್ಲಿ ಬೆಲೆ. ಹಳ್ಳಿ ಎಂದಿದ್ದಲ್ಲಿ ಹಲ್ಲಿ. ಳಕಾರ ಸರಿಯಾಗಿ ಬಂದರೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ಕೆಳಗೆ ಬಾಗುತ್ತದೆ. ಇಪ್ಪತ್ತನಾಲ್ಕು ಪದ ಮುಗಿದರೂ ಆ ಗೆರೆ ಒಮ್ಮೆಯೂ ತಲೆ ಬಾಗಿಸಲಿಲ್ಲ. ಬೆಳಗಿನಿಂದ ಅಷ್ಟು ಜನ ಸೇರಿ ತುಂಬಿದ್ದು ಒಂದು ಹನಿಯೂ ಒಳಗೆ ಇಳಿದಿರಲಿಲ್ಲ.

ಸಂಶೋಧಕನಿಗೆ ಕಣ್ಣಲ್ಲಿ ನೀರು ಬಂತು. ಲಾಂಡ್ರಿಯವನ ಎರಡೂ ಕೈ ಹಿಡಿದು, ನಿಮ್ಮಷ್ಟು ಚೆನ್ನಾಗಿ ತಪ್ಪು ಮಾಡುವವರು ಇನ್ನೊಬ್ಬರಿಲ್ಲ ಎಂದ.

ಲಾಂಡ್ರಿಯವನು ಸಂಕೋಚದಿಂದ ನಕ್ಕ. ಪಾಠ ಕೇಳಿದ ಆ ಹತ್ತು ಜನ ಏನಾದರೆಂದು ವಿಚಾರಿಸಿದ. ಹತ್ತಕ್ಕೆ ಹತ್ತೂ ಪಾಸು ಎಂದ ಸಂಶೋಧಕ.

"ಒಳ್ಳೇದಾಯ್ತು ಬಿಡಿ," ಎಂದ ಲಾಂಡ್ರಿಯವನು. "ಬೇಕರಿಯವನದೇ ನಂಗೆ ಬಹಳ ಭಯ ಇತ್ತು. ಅವನ ನಾಲಗೆ ಒಳಕ್ಕೆ ಹೊರಳ್ತಾನೇ ಇರಲಿಲ್ಲ."

ಏಳು ವರ್ಷದ ಅಭ್ಯಾಸದಿಂದ ಸಂಶೋಧಕನ ಕಿವಿ ತಾನಾಗಿಯೇ ಎಣಿಸಿತು. ಮೂರು ಮಾತಿನಲ್ಲಿ ನಾಲ್ಕು ಕಡೆ ಳ. ನಾಲ್ಕೂ ಆಗಷ್ಟೇ ಟಂಕಿಸಿದ ನಾಣ್ಯದಂತಿದ್ದವು.

ಮತ್ತೆ ಹೇಳಿಸಿದ. ಲಾಂಡ್ರಿಯವನು ಮತ್ತೆ ಹೇಳಿದ. ಆಮೇಲೆ ನಿಧಾನವಾಗಿ ಎಲ್ಲವನ್ನೂ ಬಿಡಿಸಿಟ್ಟ. ಊರಿಗೆ ಬಂದ ಎರಡೇ ವರ್ಷಕ್ಕೆ ಅವನಿಗೆ ಳ ಬಂದಿತ್ತಂತೆ. ಆದರೆ ಅಂಗಡಿಯಲ್ಲಿ ಅದನ್ನು ಬಳಸಿದರೆ ಲುಕ್ಸಾನು.

"ಸರಿಯಾಗಿ ಮಾತಾಡಿದ್ರೆ ಜನ ಬಟ್ಟೆ ಕೊಟ್ಟು ಹೋಗಿಬಿಡ್ತಾರೆ. ತಪ್ಪು ಮಾತಾಡಿದ್ರೆ ನಿಂತು ತಿದ್ದುತ್ತಾರೆ. ಒಂದು ಸಲ ಗುರುಗಳಾದ ಮೇಲೆ ಬೇರೆ ಲಾಂಡ್ರಿಗೆ ಹೋಗೋಕೆ ಅವರಿಗೇ ಮನಸ್ಸು ಬರಲ್ಲ. ಹೆಡ್‌ಮಾಸ್ತರು ನಂಗೆ ಕಲಿಸೋಕೆ ಶುರು ಮಾಡಿ ಒಂಬತ್ತು ವರ್ಷ ಆಯ್ತು."

"ಮತ್ತೆ ನನ್ನ ಪರೀಕ್ಷೆಯಲ್ಲಿ ಯಾಕೆ ತಪ್ಪು ಹೇಳಿದ್ರಿ?"

"ಬಾರದವರು ಬೇಕು ಅಂತ ನೀವೇ ಹುಡುಕ್ತಾ ಇದ್ರಲ್ಲ. ಬೇಕು ಅಂದವರಿಗೆ ಇಲ್ಲ ಅನ್ನೋಕೆ ಆಗುತ್ತಾ?"

ಇನ್ನೂ ಕೇಳಬಾರದೆಂದುಕೊಂಡರೂ ಸಂಶೋಧಕ ಬೇಕರಿಯವನ ವಿಷಯ ಕೇಳಿಯೇ ಬಿಟ್ಟ. ಪಾಠದ ಹತ್ತೂ ಜನ ಲಾಂಡ್ರಿಯವನ ಭಾಷೆಯವರು, ಅಂಗಡಿಯ ಹಿಂದಿನ ಓಣಿಯಲ್ಲೇ ಇರುವವರು. ತರಗತಿಯಲ್ಲಿ ಕೊಟ್ಟ ನಾಲಗೆಯ ಚಿತ್ರಗಳನ್ನು ಹಿಡಿದು, ಇದೇನು ಮೀನೋ ಚಪ್ಪಲಿಯೋ ಎಂದು ತಿಳಿಯದೆ ಅವನ ಬಳಿ ಬಂದು ಕೂರುತ್ತಿದ್ದರಂತೆ. ಪಾಪ ಎನಿಸಿ, ಕಾಲರು ಹಿಂದಕ್ಕೆ ಮಡಚುವ ಹಾಗೆ ನಾಲಗೆಯ ತುದಿ ಮಡಚಿ ಎಂದು ಅಂಗಿ ಹಿಡಿದು ತೋರಿಸಿಕೊಟ್ಟನಂತೆ. ನಾಲ್ಕು ದಿನಕ್ಕೆ ಬಂತು. ಬೇಕರಿಯವನಿಗೆ ಮಾತ್ರ ಹದಿನೈದು ದಿನ ಹಿಡಿಯಿತು.

ಅಂದರೆ ಸಂಶೋಧಕನ ವಿಧಾನದಿಂದ ಕಲಿತವರು ಯಾರೂ ಇಲ್ಲ. ಕಲಿಯಬಾರದವನೇ ಕಲಿಸಿದ್ದ.

ಗಂಟೆ ನಾಲ್ಕೂ ಐವತ್ತು. ಸಂಶೋಧಕನ ಒಳಗೆ ಧರ್ಮಾಧರ್ಮದ ಚರ್ಚೆ ನಡೆಯಿತು, ಆದರೆ ಹೆಚ್ಚು ಹೊತ್ತು ನಡೆಯಲಿಲ್ಲ. ಈ ಮಾತು ನಮ್ಮಿಬ್ಬರಲ್ಲೇ ಇರಲಿ ಎಂದು ಲಾಂಡ್ರಿಯವನಿಗೆ ಕೈಮುಗಿದ. ನನಗೂ ಅದೇ ಅನುಕೂಲ ಎಂದ ಲಾಂಡ್ರಿಯವನು. ಧ್ವನಿಮುದ್ರಣ ನಿಲ್ಲಿಸಿ, ಫೈಲಿಗೆ ಹೆಸರು ಕೊಟ್ಟು, ಮೇಡಂಗೆ ಕಳಿಸಿದ.

ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಹೆಡ್‌ಮಾಸ್ತರು, ಎದುರು ಮನೆಯ ಅಕ್ಕ, ಕಾರ್ಯದರ್ಶಿ ಮೂವರೂ ಕಾದಿದ್ದರು. ಒಂದೂ ಸರಿ ಬರಲಿಲ್ಲವೆಂದು ಸಂಶೋಧಕ ತಲೆ ತಗ್ಗಿಸಿ ಹೇಳಿದ. ಮಾಸ್ತರ ಮುಖ ಬಾಡಿತು.

"ಬೇಜಾರು ಬೇಡ ಸಾರ್," ಎಂದು ಲಾಂಡ್ರಿಯವನು ಅವರ ಮೊಣಕೈ ಹಿಡಿದ. "ನಾಲೆ ಬೆಲಗ್ಗೆಯಿಂದ ಮತ್ತೆ ಕಲಿಸಿ."

ಮಾಸ್ತರು ಮೂಗು ಒರೆಸಿಕೊಂಡು, ಹಾಗಾದರೆ ನಾಳೆ ಮನೆಯ ಪರದೆಗಳನ್ನೂ ಒಗೆಯಲು ತಂದುಬಿಡುತ್ತೇನೆ ಎಂದರು. ಅವರ ಹಿಂದೆಯೇ ಲಾಂಡ್ರಿಯವನು ಇಳಿದು ಹೋದ.

ಐದೂಕಾಲಿಗೆ ಪ್ರೊಫೆಸರ್ ಮೇಡಂ ಫೋನು ಮಾಡಿದರು. ಇಪ್ಪತ್ತನಾಲ್ಕು ಪದ ಕೇಳಿದೆ ಎಂದರು. ಆಮೇಲಿನದನ್ನೂ ಕೇಳಿದೆ ಎಂದರು. ಸಂಶೋಧಕನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಒಮ್ಮೆಲೇ ಆಯಿತು. ಪದಗಳ ಪಟ್ಟಿ ಮುಗಿದಾಗ ಸಂತೋಷದಲ್ಲಿ ಅವನು ಮೈಕು ಆರಿಸಿರಲಿಲ್ಲ. ನಿಲ್ಲಿಸಿದ್ದು ಕಳಿಸುವ ಮುಂಚೆ. ಗುರುಗಳ ವಿಷಯ, ಬೇಕರಿಯವನ ವಿಷಯ, ಕೊನೆಗೆ ನಮ್ಮಿಬ್ಬರಲ್ಲೇ ಇರಲಿ ಎಂದು ತಾನು ಬೇಡಿಕೊಂಡದ್ದು, ಎಲ್ಲವೂ ಬೀರುವಿನ ಬಟ್ಟೆಗಳ ದಯೆಯಿಂದ ಸ್ಫಟಿಕದಷ್ಟು ಸ್ಪಷ್ಟವಾಗಿ ಫೈಲಿನಲ್ಲಿ ಹೋಗಿತ್ತು.

ಬೈಗುಳಕ್ಕೆ ಕಾದ. ಮೇಡಂ ಬೈಯಲಿಲ್ಲ. ಅವರ ದನಿಯಲ್ಲಿ ಏಳು ವರ್ಷದಲ್ಲಿ ಅವನು ಒಮ್ಮೆಯೂ ಕೇಳದ ಸಂಭ್ರಮವಿತ್ತು.

"ಚಿತ್ರ ಇಲ್ಲ, ಯಂತ್ರ ಇಲ್ಲ, ನಾಲ್ಕು ದಿನಕ್ಕೆ ಳ ಬರಿಸಿದಾರೆ. ನಂಗೆ ತರಗತಿಗೆ ಅವರೇ ಬೇಕು. ಈಗಲೇ ಫೋನು ಅವರ ಕೈಗೆ ಕೊಡಿ."

ಅವನು ಮೂರು ಮಹಡಿ ಇಳಿದು ಫೋನು ಲಾಂಡ್ರಿಯವನಿಗೆ ಕೊಟ್ಟ. ಲಾಂಡ್ರಿಯವನು ಒಳಗೆ ಸರಿದು, ಗಿರಾಕಿಗಳಿಗೆ ಕೇಳದಂತೆ, ಅಚ್ಚುಕಟ್ಟಾದ ಭಾಷೆಯಲ್ಲಿ ಹತ್ತು ನಿಮಿಷ ಮಾತಾಡಿದ. ಕಲಿಸುವುದಕ್ಕೆ ಅಡ್ಡಿಯಿಲ್ಲ, ಆದರೆ ಬೆಳಗಿನ ಹೊತ್ತು ಅಂಗಡಿ ಬಿಟ್ಟು ಬರುವುದು ಹೇಗೆ ಎಂದು ಅವನು ಕೇಳಿದ್ದು ಸಂಶೋಧಕನ ಕಿವಿಗೂ ಬಿತ್ತು. ಆ ಕಡೆಯ ಉತ್ತರ ಬೀಳಲಿಲ್ಲ. ಲಾಂಡ್ರಿಯವನು ಫೋನು ಹಿಂತಿರುಗಿಸುತ್ತಾ, ಮೇಡಂ ಬಹಳ ತಿಳಿದವರು ಎಂದ.

"ಹೊಸ ತರಗತಿ ಶುರುವಾದ ಮೇಲೆ ಬೆಳಗ್ಗೆ ನಿಮಗೆ ಪಾಠ ಇರಲ್ಲವಂತೆ. ನೀವೇ ಖಾಲಿ ಇರ್ತೀರಂತೆ. ಕೇಳಿ ನೋಡಿ ಅಂದ್ರು."

ಮುಚ್ಚಿಡೋಣ ಎಂದು ಬೇಡಿಕೊಂಡ ದನಿ ಮೇಡಂ ಬಳಿ ಭದ್ರವಾಗಿತ್ತು. ಸಂಶೋಧಕ ಕೌಂಟರಿನ ಹಲಗೆ ಎತ್ತಿ ಒಳಗೆ ಬಂದ. ಲಾಂಡ್ರಿಯವನು ಮೇಜಿನ ಮೇಲೆ ಒಂದು ಬಿಳಿ ಅಂಗಿ ಹರಡಿ, ತೋಳು ಮೊದಲು, ಆಮೇಲೆ ಬೆನ್ನು ಎಂದು ಮಡಚಿ ತೋರಿಸಿ, ಬಿಚ್ಚಿ ಅವನ ಮುಂದೆ ತಳ್ಳಿದ. ಅವನು ಮಡಚಿದ. ತಪ್ಪಾಯಿತು. ಬಿಚ್ಚಿ ಮತ್ತೆ ಮಡಚಿದ, ಇನ್ನಷ್ಟು ತಪ್ಪಾಯಿತು. ಆರನೇ ಸಲಕ್ಕೆ ಅಂಗಿ ಬೆನ್ನು ತಿರುಗಿಸಿ ಮಲಗಿದ ರೋಗಿಯಂತೆ ಕಾಣುತ್ತಿತ್ತು.

ಲಾಂಡ್ರಿಯವನು ಅದನ್ನು ಮೆಲ್ಲಗೆ ಎತ್ತಿ ಕೊಡವಿದ.

"ಅವಸರ ಮಾಡಬೇಡಿ," ಎಂದ, ಒಂದಿಷ್ಟೂ ನಗದೆ. "ಈ ವಯಸ್ಸಿನಲ್ಲಿ ಕೈ ತಕ್ಷಣ ಹೊರಳಲ್ಲ. ಆರು ವಾರ ನೋಡೋಣ."